ಗ್ಯಾಸ್ ಬತ್ತಿಯ ಲಾಲ್ ಅಹ್ಮದ್ ನಿಚ್ಚಣಿಕೆ ತಂದದ್ದು

ನಾಟಕಕ್ಕೆ ಎಲ್ಲವೂ ಸಿದ್ಧವಾಗಿತ್ತು. ರಾಜನ ಕಿರೀಟಕ್ಕೆ ಹೊಸ ಬೇಗಡೆ ಅಂಟಿಸಿಯಾಗಿತ್ತು. ರಾಣಿಯ ಪಾತ್ರದವನು ಅಂತೂ ಇಂತೂ ಮೀಸೆ ಬೋಳಿಸಲು ಒಪ್ಪಿದ್ದ. ಅಷ್ಟರಲ್ಲಿ ನಿಚ್ಚಣಿಕೆ ಮುರಿಯಿತು.

ಇದು 1950ರ ಜನವರಿಯ ಮಾತು. ಈಗಿನ ಬಸವಕಲ್ಯಾಣವನ್ನು ಆಗ ಎಲ್ಲರೂ ಕಲ್ಯಾಣಿ ಎನ್ನುತ್ತಿದ್ದರು. ಎರಡು ವರ್ಷದಿಂದ ಊರಿನಲ್ಲಿ ಯಾರಿಗೂ ನಾಟಕ ಆಡುವ ಮನಸ್ಸಿರಲಿಲ್ಲ, ನೋಡುವ ಮನಸ್ಸೂ ಇರಲಿಲ್ಲ. ನಿಜಾಮನ ಆಳ್ವಿಕೆ ಮುಗಿದ ಹೊತ್ತಿನ ಗಲಭೆಗಳನ್ನು ಆ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಈಗ ಇಪ್ಪತ್ತಾರನೆಯ ತಾರೀಖು ದೇಶಕ್ಕೆ ಹೊಸ ಸಂವಿಧಾನ ಬರುತ್ತದೆ, ಅವತ್ತು ಸಂಜೆ ನಾಟಕ ಆಗಲೇಬೇಕು ಎಂದು ಓಣಿಯವರೆಲ್ಲ ಒಂದಾಗಿ ಪಟ್ಟು ಹಿಡಿದಿದ್ದರು.

ಲಾಲ್ ಅಹ್ಮದ್ ಆ ನಾಟಕದ ಬೆಳಕಿನವನು. ಕರೆಂಟು ಇನ್ನೂ ಬಂದಿರಲಿಲ್ಲ. ರಂಗದ ಮುಂದೆ ಎರಡು ಕಂಬ, ಅವುಗಳ ಮೇಲೆ ಅಡ್ಡಲಾಗಿ ಒಂದು ಬೊಂಬು, ಬೊಂಬಿಗೆ ನಾಲ್ಕು ಗ್ಯಾಸ್ ಬತ್ತಿ. ತಾಸಿಗೊಮ್ಮೆ ಬತ್ತಿಯೊಳಗಿನ ಗಾಳಿ ಕಡಿಮೆಯಾಗಿ ಬೆಳಕು ಕೆಂಪಾಗುತ್ತದೆ. ಬತ್ತಿ ಕೆಳಗಿಳಿಸಿದರೆ ರಾಜನ ಮುಖ ಕತ್ತಲಾಗುತ್ತದೆ. ಆದ್ದರಿಂದ ನಾಟಕ ನಡೆಯುತ್ತಿರುವಾಗಲೇ ಲಾಲ್ ಅಹ್ಮದ್ ಬೊಂಬಿಗೆ ನಿಚ್ಚಣಿಕೆ ಆನಿಸಿ ಹತ್ತಬೇಕು, ಪಂಪು ಹೊಡೆಯಬೇಕು. ನಿಚ್ಚಣಿಕೆ ಒಂದು ಮೊಳ ಗಿಡ್ಡ. ಅವನು ತುತ್ತತುದಿಯ ಮೆಟ್ಟಿಲ ಮೇಲೆ ಒಂಟಿ ಕಾಲಿನಲ್ಲಿ ನಿಂತು, ಪಂಪು ಹೊಡೆದು, ಕೊನೆಗೆ ಜನರಿಗೊಂದು ಸಲಾಮು ಹೊಡೆಯುತ್ತಿದ್ದ. ಗಂಡಸರ ಕಡೆಯಿಂದ ಸೀಟಿಯೋ ಸೀಟಿ. ರಾಜನಿಗೂ ಅಷ್ಟು ಸೀಟಿ ಬೀಳುತ್ತಿರಲಿಲ್ಲ, ಅವನಿಗೆ ಅದೇ ಹೊಟ್ಟೆಯುರಿ.

ತಾಲೀಮಿನ ದಿನ ಮೂರನೆಯ ಮೆಟ್ಟಿಲು ಲಟಕ್ಕೆಂದು ಮುರಿಯಿತು. ಲಾಲ್ ಅಹ್ಮದ್ ಸುತ್ತಿಟ್ಟ ಪರದೆಗಳ ಮೇಲೆ ಬಿದ್ದ. ಮೊಣಕಾಲು ತರಚಿತು, ಅಷ್ಟೇ. ಎಲ್ಲರೂ ನಕ್ಕರು, ಅವನೂ ನಕ್ಕ. ನಗದೆ ಉಳಿದವನು ಪರದೆ ಬರೆಯುವ ಜ್ಞಾನೇಶ್ವರ ಒಬ್ಬನೇ. ಅವನು ಮುರಿದ ಮೆಟ್ಟಿಲನ್ನು ತಿರುಗಿಸಿ ನೋಡುತ್ತ ಕುಳಿತಿದ್ದ.

"ಲಾಲಭಾಯಿ, ಈ ಬಿರುಕು ಇವತ್ತಿಂದಲ್ಲ. ಒಳಗ ಕರ್ರಗ ಆಗ್ಯಾದ ನೋಡ್ರಿ. ಛಂದ ಕಾಣಲಿ ಅಂತ ನಾನೇ ಎರಡ್ ಸಲ ಬಣ್ಣ ಹಚ್ಚೀನಿ. ಬಿರುಕು ಬಣ್ಣದ ಬುಡಕ ಮುಚ್ಚಿಹೋಗ್ಯಾದ."

ಮನೆಯಲ್ಲಿ ಹೆಂಡತಿ ಶಹಜಾದಿ ಮೊಣಕಾಲಿಗೆ ಅರಿಶಿನ ಹಚ್ಚಿದಳು. ಬೈಯಲಿಲ್ಲ. ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು.

"ಅಜೀ, ಹೊಸಾ ನಿಚ್ಚಣಿಕಿ ತರಾಕ ಹೋದಾಗ ನಾನೂ ಬರ್ತೀನಿ," ಎಂದಳು.

"ನಿಚ್ಚಣಿಕಿ ಏನ್ ಸೀರೀನಾ, ಇಬ್ಬರು ಕೂಡಿ ಆರಸಾಕ?"

"ಸೀರಿ ಹರದ್ರ ಹೊಲೀಬಹುದ್ರಿ," ಎಂದಳು ಶಹಜಾದಿ.

ಮರುದಿನ ಇಬ್ಬರೂ ಮೋಟಾರು ಬಸ್ಸು ಹತ್ತಿ ಹುಮನಾಬಾದಿಗೆ ಹೋದರು. ಬಜಾರದಲ್ಲಿ ಕಾಲಿಟ್ಟ ಕೂಡಲೇ ಲಾಲ್ ಅಹ್ಮದನ ಕಣ್ಣಿಗೆ ಒಂದು ಬಿದಿರಿನ ನಿಚ್ಚಣಿಕೆ ಬಿತ್ತು. ಸಪೂರ, ಎತ್ತರ, ಉದ್ದಕ್ಕೂ ಕೆಂಪು ಹಸಿರು ಪಟ್ಟಿ. ಒಂದೇ ಕೈಯಲ್ಲಿ ಎತ್ತಿ ನೋಡಿದ. ಅದನ್ನು ಹತ್ತಿ ಸಲಾಮು ಹೊಡೆದರೆ ಹೇಗಿರಬಹುದು ಎಂದು ನೆನೆಸಿಯೇ ಅವನ ಮುಖ ಅರಳಿತು.

"ಮಾಳಿಗಿ ಹತ್ತಾಕ ಭಾಳ ಮಂದಿ ಇದನ್ನೇ ಒಯ್ತಾರ್ರಿ," ಎಂದ ಅಂಗಡಿಯವನು.

ಶಹಜಾದಿ ನಿಚ್ಚಣಿಕೆಯನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ಬಜಾರದ ಮೂಲೆಯ ದೀಪದ ಕಂಬದ ಮೇಲಿತ್ತು. ಅಲ್ಲಿ ಮಚ್ಚೇಂದ್ರ ನಿಚ್ಚಣಿಕೆ ಹತ್ತಿ ಕಂದೀಲಿನ ಗಾಜು ಒರೆಸುತ್ತಿದ್ದ. ಹುಮನಾಬಾದಿನ ಬೀದಿ ದೀಪಗಳನ್ನು ಇಪ್ಪತ್ತು ವರ್ಷದಿಂದ ಹಚ್ಚುತ್ತ ಬಂದವನು, ಲಾಲ್ ಅಹ್ಮದನಿಗೂ ಹಳೆಯ ಪರಿಚಯ. ಶಹಜಾದಿ ಹೋಗಿ ಅವನನ್ನು ಕರೆತಂದಳು.

"ಮಚ್ಚೇಂದ್ರಣ್ಣ, ಇದು ಹ್ಯಾಂಗದ ಹೇಳ್ರಿ."

ಮಚ್ಚೇಂದ್ರ ನಿಚ್ಚಣಿಕೆ ಮುಟ್ಟಲಿಲ್ಲ. ಲಾಲ್ ಅಹ್ಮದನನ್ನೇ ಕೇಳಿದ. "ಇದನ್ನ ಯಾತಕ್ಕ ಆನಿಸ್ತಿ?"

"ಬತ್ತಿ ಕಟ್ಟಿದ ಬೊಂಬಿಗೆ."

"ಬೊಂಬು ಯಾತರ ಮ್ಯಾಲ ನಿಂತದ?"

"ಎರಡ್ ಕಂಬದ ಮ್ಯಾಲ."

"ಕಂಬಾ ಯಾವುದು ಹಿಡದದ?"

"ಹಗ್ಗ."

"ಹಗ್ಗಾ?"

"ಗೂಟಕ್ಕ ಕಟ್ಟೇವಿ," ಎಂದ ಲಾಲ್ ಅಹ್ಮದ್. ಅವನ ದನಿ ಇಳಿದಿತ್ತು.

"ಅಂದ್ರ ನಿನ್ನ ಜೀವಾ ಒಂದ್ ಗೂಟದ ಮ್ಯಾಲ ಅದ. ನನ್ನ ದೀಪದ ಕಂಬಾ ಎರಡ್ ಮೊಳ ನೆಲದಾಗ ಹೂತದ, ಅದಕ್ಕ ನಾ ಆನಿಸ್ತೀನಿ. ಈ ನಿಚ್ಚಣಿಕಿ ತಪ್ಪಲ್ಲ, ಗ್ವಾಡಿ ಇದ್ದವರಿಗೆ ಇದು ಸಾಕು. ನಿನಗ ಗ್ವಾಡಿ ಎಲ್ಲದ? ನಿನಗ ತಾನೇ ನಿಂದ್ರೂ ನಿಚ್ಚಣಿಕಿ ಬೇಕು. ಸುಣ್ಣಾ ಹೊಡಿಯೋರದು ಇರ್ತದಲ್ಲ, ನಾಕು ಕಾಲಿನ ಜೋಡು ನಿಚ್ಚಣಿಕಿ."

ಲಾಲ್ ಅಹ್ಮದನಿಗೆ ಮಾತು ತಿಳಿಯಿತು, ಮನಸ್ಸು ಒಪ್ಪಲಿಲ್ಲ. ಭಾರ ಎಂದ. ಮೋಟಾರಿನ ಮೇಲೆ ಹಾಕಲು ಬಿಡುವುದಿಲ್ಲ ಎಂದ. ಕೊನೆಗೆ ಒಳಗಿದ್ದದ್ದು ಬಾಯಿಗೆ ಬಂತು.

"ಅಣ್ಣಾ, ಆ ನಾಕು ಕಾಲಿಂದರ ಮ್ಯಾಲ ನಮ್ಮಜ್ಜೀನೂ ಹತ್ತತಾಳ. ನನಗ ಸೀಟಿ ಯಾರು ಹೊಡೀತಾರ?"

ಮಚ್ಚೇಂದ್ರ ನಗು ತಡೆಯಲು ಆಚೆ ತಿರುಗಿದ. ಶಹಜಾದಿ ನಗಲಿಲ್ಲ.

"ಅಜೀ, ಈ ನಾಟಕಾ ಹಿಂದ ಮೂರ್ ಸಲ ನೋಡೀನಿ. ರಾಣಿಗೆ ವಿಷ ಯಾರು ಹಾಕಿದ್ರು ಅಂತ ನನಗ ಇನ್ನೂ ಗೊತ್ತಿಲ್ಲ."

"ಯಾಕ?"

"ಅದೇ ಹೊತ್ತಿಗೆ ಬತ್ತಿ ಕೆಂಪಗಾಗ್ತಾವ, ನೀವು ಹತ್ತತೀರಿ. ನಾ ಕಣ್ಣ ಮುಚ್ಚಗೋತೀನಿ. ಬಾಜೂಕ ಕೂತ ಅಕ್ಬರಿ 'ಇಳದ್ರು' ಅಂದ ಮ್ಯಾಲೇ ಕಣ್ಣ ತೆರೀತೀನಿ. ಅಷ್ಟರಾಗ ರಾಣಿ ಸತ್ತಿರ್ತಾಳ. ನಿಮಗ ಸೀಟಿ ಕೇಳ್ತಾವ್ರಿ. ನನಗ ಆ ಸೀಟೀನೂ ಬಿದ್ದ ಸಪ್ಪಳದಾಂಗ ಕೇಳ್ತದ."

ಲಾಲ್ ಅಹ್ಮದ್ ಹತ್ತು ವರ್ಷ ಮೇಲಿನಿಂದ ಸಲಾಮು ಹೊಡೆದಿದ್ದಾನೆ, ಒಮ್ಮೆಯೂ ಹೆಂಗಸರ ಕಡೆ ನೋಡಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಬಣ್ಣದ ನಿಚ್ಚಣಿಕೆಯನ್ನು ಮೆಲ್ಲಗೆ ಅಂಗಡಿಯ ಗೋಡೆಗೆ ಆನಿಸಿಟ್ಟ.

ಬಡಿಗರ ಓಣಿಯಲ್ಲಿ ಸಾಗುವಾನಿಯ ಜೋಡು ನಿಚ್ಚಣಿಕೆಗಳು ಎರಡು ಸಿದ್ಧವಿದ್ದವು. ಮಚ್ಚೇಂದ್ರ ಎತ್ತರದ ಲೆಕ್ಕ ಹೇಳಿಕೊಟ್ಟ. "ಮ್ಯಾಲಿನ ಎರಡ್ ಮೆಟ್ಲ ಕೈಗೆ, ಕಾಲಿಗಲ್ಲ. ಅವನ್ನ ಬಿಟ್ಟು ಕೆಳಗಿನ ಮೆಟ್ಲ ಮ್ಯಾಲ ನಿಂತಾಗ ಬತ್ತಿ ನಿನ್ನ ಎದಿ ಮುಂದ ಇರಬೇಕು. ಇದು ಗಿಡ್ಡಾತು, ಅದನ್ನ ತಗೋ. ಗಿಡ್ಡ ನಿಚ್ಚಣಿಕಿ ಕೆಳಗ ಪೆಟಗಿ ಇಟ್ಟು ಹತ್ತಬ್ಯಾಡ."

ಮೆಟ್ಟಿಲುಗಳನ್ನು ಬರಿ ಮೊಳೆ ಹೊಡೆದು ಕೂರಿಸಿದ್ದಲ್ಲ, ಪಕ್ಕದ ಮರದೊಳಗೆ ಕೊರೆದು ಸೇರಿಸಿದ್ದು ಎಂದು ಅವನು ಬೆರಳಿಟ್ಟು ತೋರಿಸಿದ. ಕಾಲುಗಳು ಜಾರಿ ಅಗಲವಾಗದಂತೆ ಎರಡೂ ಕಡೆ ನಡುವೆ ಗಟ್ಟಿ ಹಗ್ಗ ಕಟ್ಟಿಸಿದ. ಅಷ್ಟರಲ್ಲಿ ಶಹಜಾದಿ ಕುಂಬಾರರಲ್ಲಿ ಗಡಿಗೆ ಬಾರಿಸಿ ನೋಡುವಂತೆ ಒಂದೊಂದೇ ಮೆಟ್ಟಿಲನ್ನು ಗೆಣ್ಣಿನಿಂದ ಬಾರಿಸುತ್ತ ಬಂದಳು. ಐದನೆಯದಕ್ಕೆ ನಿಂತಳು.

"ಇದರ ಸಪ್ಪಳ ಬ್ಯಾರೆ ಅದ."

ಬಡಿಗ ಹುಬ್ಬು ಗಂಟಿಕ್ಕಿ ಬಂದ. ಮೆಟ್ಟಿಲನ್ನು ಬೆಳಕಿಗೆ ಹಿಡಿದು ನೋಡಿದ. ಕೂದಲೆಳೆಯಷ್ಟು ಬಿರುಕು. ತೆಪ್ಪಗೆ ಅದನ್ನು ತೆಗೆದು ಬೇರೆ ಹಾಕಿಕೊಟ್ಟ.

"ತಂಗಿ, ನಾಳಿಂದ ನನ್ನ ನಿಚ್ಚಣಿಕೀನೂ ನೀನೇ ಬಾರ್ಸು," ಎಂದ ಮಚ್ಚೇಂದ್ರ.

ನಿಚ್ಚಣಿಕೆ ಮೋಟಾರಿನ ತಲೆಯ ಮೇಲೇರಿಯೇ ಕಲ್ಯಾಣಿಗೆ ಬಂದಾಗ ಜ್ಞಾನೇಶ್ವರ ಕುಂಚ ಹಿಡಿದು ಕಾಯುತ್ತಿದ್ದ. ಪಾಪ, ಅಭ್ಯಾಸ. ಶಹಜಾದಿ ನಿಚ್ಚಣಿಕೆಗೆ ಅಡ್ಡ ನಿಂತಳು.

"ಇದಕ್ಕ ಅಗಸಿ ಎಣ್ಣಿ ಅಷ್ಟೇ. ಮರದ ಗೆರಿ ಕಾಣಬೇಕು. ಬಣ್ಣಾ ಹಚ್ಚಲೇಬೇಕಂದ್ರ ಇವರ ರುಮಾಲಿಗೆ ಹಚ್ಚಪಾ."

ಜ್ಞಾನೇಶ್ವರ ಅದನ್ನೇ ಮಾಡಿದ. ಇಪ್ಪತ್ತಾರರ ಸಂಜೆ ಲಾಲ್ ಅಹ್ಮದ್ ಕೇಸರಿ, ಬಿಳಿ, ಹಸಿರಿನ ರುಮಾಲು ಸುತ್ತಿ ಬಂದಾಗ ನಾಟಕ ಶುರುವಾಗುವ ಮೊದಲೇ ಸೀಟಿ ಬಿದ್ದವು. ರಾಜ ಮತ್ತೆ ಮುಖ ಗಂಟು ಹಾಕಿದ.

ಒಂದು ತಾಸಿಗೆ ಬತ್ತಿ ಕೆಂಪಾದವು. ಲಾಲ್ ಅಹ್ಮದ್ ಸಮ ನೆಲ ನೋಡಿ ನಿಚ್ಚಣಿಕೆ ಬಿಚ್ಚಿ ನಿಲ್ಲಿಸಿದ. ಜ್ಞಾನೇಶ್ವರ ಬುಡದಲ್ಲಿ ಹಿಡಿದು ನಿಂತ. ಮೂರನೆಯ ಬತ್ತಿಗೆ ಪಂಪು ಹೊಡೆಯುತ್ತಿರುವಾಗ ರಂಗದ ಪಕ್ಕದಿಂದ ವಿಷದ ಬಟ್ಟಲು ಹಿಡಿದವನು ಅವಸರದಲ್ಲಿ ನುಗ್ಗಿದ. ಅವನ ಭುಜ ಕಂಬಕ್ಕೆ ಬಡಿಯಿತು. ಗೂಟ ಕಿತ್ತುಬಂತು, ಬೊಂಬು ಹೊಯ್ದಾಡಿತು, ನಾಲ್ಕೂ ಬತ್ತಿ ಓಲಾಡಿದವು. ಜನ ಹಾ ಎಂದರು. ಲಾಲ್ ಅಹ್ಮದ್ ಬೊಂಬಿನಿಂದ ಕೈ ತೆಗೆದು ಮೇಲಿನ ಮೆಟ್ಟಿಲನ್ನು ಹಿಡಿದ. ನಿಚ್ಚಣಿಕೆ ಅಲುಗಲಿಲ್ಲ. ನಾಲ್ಕು ಕಾಲೂರಿ ನಿಂತಲ್ಲೇ ನಿಂತಿತ್ತು.

ಅವತ್ತು ಅವನು ಮೊದಲ ಸಲ ಹೆಂಗಸರ ಕಡೆ ನೋಡಿದ. ಅಕ್ಬರಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. "ಕಣ್ಣ ಮುಚ್ಚಗೋ ಶಹಜಾದಿ," ಎನ್ನುತ್ತಿದ್ದಳು. ಅವಳ ಪಕ್ಕದಲ್ಲಿ ಶಹಜಾದಿ ಕಣ್ಣರಳಿಸಿ ಕುಳಿತಿದ್ದಳು.

"ಸುಮ್ಮನ ಕೂಡ. ನಾ ನಾಟಕಾ ನೋಡಾಕತ್ತೀನಿ."

ಕೆಳಗಿನವರು ಗೂಟ ಹೊಡೆದು ಕಂಬ ಬಿಗಿದರು. ಲಾಲ್ ಅಹ್ಮದ್ ನಾಲ್ಕನೆಯ ಬತ್ತಿಗೂ ಪಂಪು ಹೊಡೆದ. ಬೆಳಕು ಬೆಳ್ಳಗೆ ಚೆಲ್ಲಿತು. ಸಲಾಮು ಹೊಡೆಯುವುದು ಅವನಿಗೆ ಮರೆತೇ ಹೋಯಿತು, ಸೀಟಿ ಮಾತ್ರ ನಿಲ್ಲಲೇ ಇಲ್ಲ.

ಮನೆಗೆ ಹೋಗುವಾಗ ನಿಚ್ಚಣಿಕೆಯ ಒಂದು ತುದಿ ಅವನ ಹೆಗಲ ಮೇಲೆ, ಇನ್ನೊಂದು ತುದಿ ಅವಳ ಕೈಯಲ್ಲಿ. ಶಹಜಾದಿಗೆ ಖುಷಿ ತಡೆಯಲಾಗುತ್ತಿರಲಿಲ್ಲ.

"ಅಜೀ, ವಿಷ ಹಾಕಿದಾಂವ ಮಂತ್ರಿ ಅಲ್ರಿ. ರಾಣೀ ಸ್ವಂತ ತಮ್ಮ."

"ಹೌದಾ?" ಎಂದ ಲಾಲ್ ಅಹ್ಮದ್. ಹತ್ತು ವರ್ಷ ಬತ್ತಿ ನೋಡಿಕೊಂಡವನಿಗೆ ಕಥೆ ಗೊತ್ತೇ ಇರಲಿಲ್ಲ. "ಮೊದಲಿಂದ ಹೇಳು."

ಅವಳು ಮೊದಲಿನಿಂದ ಹೇಳುತ್ತ ನಡೆದಳು.

ಓದುವ ಅಣ್ಣಂದಿರೇ, ಅಕ್ಕಂದಿರೇ, ಈಗ ಗ್ಯಾಸ್ ಬತ್ತಿ ಹೋಗಿ ಕರೆಂಟಿನ ದೀಪ ಬಂದಿವೆ. ಬೀಳುವ ನೆಲ ಮಾತ್ರ ಅದೇ ಇದೆ. ನಿಮ್ಮ ಊರಿನ ನಾಟಕಕ್ಕೆ, ಶಾಲೆಯ ಸಭೆಗೆ, ಮದುವೆಯ ಚಪ್ಪರಕ್ಕೆ ದೀಪ ಕಟ್ಟುವ ಮೊದಲು ಏಣಿಯನ್ನು ಯಾವುದಕ್ಕೆ ಆನಿಸುತ್ತೀರಿ ಎಂದು ಕೇಳಿಕೊಳ್ಳಿ. ಗೋಡೆಯಿಲ್ಲದಿದ್ದರೆ ತಾನೇ ನಿಲ್ಲುವ ಜೋಡು ಏಣಿ ತನ್ನಿ. ಒಂದೊಂದು ಮೆಟ್ಟಿಲನ್ನೂ ನೋಡಿ, ಬಾರಿಸಿ. ಮರದ ಏಣಿಗೆ ಬಣ್ಣ ಹಚ್ಚಬೇಡಿ. ಮೇಲಿನ ಎರಡು ಮೆಟ್ಟಿಲು ಕೈಗೆ ಬಿಡಿ. ಬುಡದಲ್ಲಿ ಒಬ್ಬರು ಹಿಡಿದು ನಿಲ್ಲಲಿ. ಇಷ್ಟು ಮಾಡಿದ ಮೇಲೆ ನಿಮ್ಮ ಮನೆಯವರನ್ನು ಕರೆದು ಎದುರಿಗೆ ಕೂರಿಸಿ, ಒಮ್ಮೆ ಹತ್ತಿ ತೋರಿಸಿ. ಅವರು ಕಣ್ಣು ಮುಚ್ಚಿಕೊಂಡರೆ ಇಳಿದು ಬನ್ನಿ, ಏಣಿ ಬದಲಿಸಿ.