ಕೊನೆಯ ಸಾಲು ಓದು

ನನ್ನ ಕಣ್ಣಿನ ನಟ್ಟನಡುವೆ ಒಂದು ತೂತಿದೆ. ಯಾವುದನ್ನು ನೇರವಾಗಿ ನೋಡುತ್ತೇನೋ ಅದು ಆ ತೂತಿಗೆ ಬಿದ್ದು ಮಾಯವಾಗುತ್ತದೆ, ಅಕ್ಕಪಕ್ಕದ್ದು ಮಾತ್ರ ಮಸುಕಾಗಿ ಉಳಿಯುತ್ತದೆ. ಹಾಗಾಗಿ ಯಾರದಾದರೂ ಮುಖ ನೋಡಬೇಕಾದರೆ ನಾನು ಅವರ ಕಿವಿ ನೋಡಬೇಕು. ನನ್ನ ತಮ್ಮ ಚಿಕ್ಕವನಿದ್ದಾಗಿನಿಂದ ಇದನ್ನೇ ಹಿಡಿದುಕೊಂಡು ಗೇಲಿ ಮಾಡುತ್ತಾನೆ: "ಅಕ್ಕಾ, ನನ್ನ ಕಿವಿಗೆ ಏನಾಗಿದೆ?" ನಲವತ್ತು ವರ್ಷದಿಂದ ಇದೊಂದೇ ಜೋಕು. ಹೊಸದನ್ನು ಹುಡುಕುವ ಶ್ರಮ ಅವನು ತೆಗೆದುಕೊಂಡಿಲ್ಲ.

ಇಂಥ ಕಣ್ಣಿಟ್ಟುಕೊಂಡು ನಾನು ಹಚ್ಚಿಕೊಂಡಿರುವ ಹುಚ್ಚು ಎಂದರೆ ಹಳೆಯ ಕಂಪ್ಯೂಟರು ಮತ್ತು ಅಗ್ಗದ ಪ್ರಿಂಟರು. ಜನ ಬಿಸಾಡಿದ ಕಂಪ್ಯೂಟರನ್ನು ತಂದು ಅದನ್ನು ನಡೆಸಲು ಲಿನಕ್ಸ್ ಎನ್ನುವ ತಂತ್ರಾಂಶ ಹಾಕುತ್ತೇನೆ. ಅದು ಪುಕ್ಕಟೆ ಸಿಗುತ್ತದೆ ಎನ್ನುವುದು ಒಂದು ಕಾರಣ. ಅದರ ಹೊಟ್ಟೆಯೊಳಗೆ ಕೈ ಹಾಕಿ ನನಗೆ ಬೇಕಾದ ಹಾಗೆ ತಿರುಚಿಕೊಳ್ಳಲು ಯಾರ ಅಪ್ಪಣೆಯೂ ಬೇಡ ಎನ್ನುವುದು ದೊಡ್ಡ ಕಾರಣ. ನನ್ನ ಪರದೆ ಕಪ್ಪು, ಅಕ್ಷರ ಬಿಳಿ, ಒಂದೊಂದೂ ಅಂಗೈಯಗಲ. ಅದೂ ಸಾಲದೆಂದು ಪರದೆಯಲ್ಲಿರುವುದನ್ನು ಓದಿ ಹೇಳುವ ಒಂದು ದನಿ ಇದೆ. ಅದು ಸದಾ ಮೂಗು ಕಟ್ಟಿದವರ ಹಾಗೆ ಮಾತಾಡುವುದರಿಂದ ನಮ್ಮಲ್ಲಿ ಅದಕ್ಕೆ ನೆಗಡಿ ಮಾವ ಎಂದು ಹೆಸರು. ಪ್ರಿಂಟರಿನ ಹೆಸರು ಮೊಂಡಿ. ಅಂಗಡಿಯ ಕಪಾಟಿನಲ್ಲಿದ್ದವುಗಳಲ್ಲಿ ಅತಿ ಅಗ್ಗದ್ದು ಅವಳೇ, ಮತ್ತು ಅದನ್ನು ಅವಳು ಒಂದು ದಿನವೂ ಮರೆಯಲು ಬಿಟ್ಟಿಲ್ಲ. ಅವಳಿಗೆ ಲಿನಕ್ಸ್ ಜೊತೆ ಹೊಂದಿಕೊಳ್ಳಲು ಮೂರು ವಾರ ಬೇಕಾಯಿತು. ಪ್ರಿಂಟರನ್ನು ಕಂಪ್ಯೂಟರಿಗೆ ಹೊಂದಿಸುವ ತಂತ್ರಾಂಶಕ್ಕಾಗಿ "ಡ್ರೈವರ್ ಸಿಗ್ತಿಲ್ಲ ಕಣೋ" ಎಂದು ನಾನು ಪರದಾಡುತ್ತಿದ್ದಾಗ ತಮ್ಮ, "ನಾನಿಲ್ವಾ?" ಎಂದಿದ್ದ. ಅವನು ಬಸ್ ಡ್ರೈವರ್.

ಮೊಂಡಿಯಿಂದ ನಾನು ತಿಂಗಳಿಗೊಮ್ಮೆ ದಪ್ಪಕ್ಷರದ ಎಂಟು ಪುಟದ ಪತ್ರಿಕೆ ಹೊರಡಿಸುತ್ತೇನೆ. ಓದುಗರು ಹದಿನೇಳು ಮಂದಿ, ಎಲ್ಲರೂ ನನ್ನಂಥವರೇ. ಅಚ್ಚಾದ ಪುಟ ಸರಿಯಾಗಿದೆಯೇ ಎಂದು ನನಗೆ ಕಾಣುವುದಿಲ್ಲ. ಅದಕ್ಕೆ ಭಾನುವಾರ ಮಧ್ಯಾಹ್ನ ತಮ್ಮ ಬರುತ್ತಾನೆ. ಮೊಂಡಿ ಪುಟವನ್ನು ಉಗುಳಿದೊಡನೆ ನಾನು "ಕೊನೆಯ ಸಾಲು ಓದು" ಎನ್ನುತ್ತೇನೆ, ಅವನು ಓದುತ್ತಾನೆ. ಅಗ್ಗದ ಪ್ರಿಂಟರುಗಳು ಕೈಕೊಡುವುದು ಹೆಚ್ಚಾಗಿ ಪುಟದ ತಳದಲ್ಲಿ. ಕೊನೆಯ ಸಾಲು ಸರಿಯಿದ್ದರೆ ಪುಟ ಸರಿ ಎನ್ನುವುದು ಹನ್ನೆರಡು ವರ್ಷದಿಂದ ನಮ್ಮಿಬ್ಬರ ಲೆಕ್ಕ.

ಈ ಕಣ್ಣು ನಮ್ಮ ಮನೆತನದ ಆಸ್ತಿ. ಅಜ್ಜನಿಗಿತ್ತು, ನನಗೆ ಹನ್ನೊಂದರಲ್ಲಿ ಬಂತು. ತಮ್ಮನಿಗೆ ನಲವತ್ತನಾಲ್ಕಾದರೂ ಬರಲಿಲ್ಲವಾದ್ದರಿಂದ ಇನ್ನು ಬರುವುದಿಲ್ಲ ಎಂದುಕೊಂಡು ನೆಮ್ಮದಿಯಾಗಿದ್ದೆವು. ಮೂರು ವರ್ಷಕ್ಕೊಮ್ಮೆ ಡಿಪೋದವರು ಅವನ ಕಣ್ಣಿನ ಪರೀಕ್ಷೆ ಮಾಡಿಸುತ್ತಾರೆ. ಪಾಸಾದರೆ ಮತ್ತೆ ಸ್ಟೀರಿಂಗು, ಇಲ್ಲದಿದ್ದರೆ ಆ ದಿನವೇ ಸೀಟು ಬಿಟ್ಟು ಇಳಿಯಬೇಕು. ಈ ಸಲದ ಪರೀಕ್ಷೆ ಗುರುವಾರವಿತ್ತು. ಅದಕ್ಕೆ ಮುಂಚಿನ ಭಾನುವಾರ ಅವನು ಬಂದು ಕುರ್ಚಿ ಎಳೆದುಕೊಂಡು ಕೂತ.

"ಅಕ್ಕಾ, ಕಣ್ಣಿನ ಡಾಕ್ಟರ್ ಗೋಡೆ ಮೇಲೆ ಇರುತ್ತಲ್ಲ ಅಕ್ಷರದ ಪಟ್ಟಿ, ಅದನ್ನೊಂದು ಪ್ರಿಂಟ್ ಹಾಕಿ ಕೊಡ್ತೀಯಾ?"

"ಯಾರಿಗೆ?"

"ಡಿಪೋ ರೆಸ್ಟ್ ರೂಮಿಗೆ. ಹೊಸದಾಗಿ ಸೇರಿದವರು ಪರೀಕ್ಷೆ ಅಂದ್ರೆ ಹೆದರ್ತಾರೆ. ನೋಡಿ ನೋಡಿ ಅಭ್ಯಾಸ ಆಗ್ಲಿ ಅಂತ."

"ಯಾವ ಪಟ್ಟಿ ಹಾಕ್ಲಿ?"

"ಅದೇ ಹಳೇದು. ನಿನಗೆ ಬಾಯಿಪಾಠ ಇದೆಯಲ್ಲ. ನಮ್ಮ ಡಾಕ್ಟರ್ ಹತ್ರ ಈಗ್ಲೂ ಅದೇ ನೇತಾಡ್ತಿದೆ."

ಬಾಯಿಪಾಠ ಇದ್ದದ್ದು ನಿಜ. ಕಣ್ಣು ಹೋಗುತ್ತಿದೆ ಎಂದು ಗೊತ್ತಾದರೆ ಶಾಲೆ ಬಿಡಿಸುತ್ತಾರೆ ಎನ್ನುವ ಹೆದರಿಕೆಯಿಂದ ಹನ್ನೊಂದನೇ ವಯಸ್ಸಿನಲ್ಲಿ ನಾನು ಆ ಹತ್ತು ಸಾಲನ್ನೂ ಕಲಿತಿದ್ದೆ. ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತು, ಒಳಗೆ ಬೇರೆಯವರು ಓದುವುದನ್ನು ಕೇಳಿಸಿಕೊಂಡೇ ಕಲಿತೆ. ಮರೆತುಹೋಗದಿರಲಿ ಎಂದು ತಮ್ಮನನ್ನು ತೂಗುವಾಗ ಲಾಲಿಯ ಬದಲು ಅದನ್ನೇ ಹಾಡುತ್ತಿದ್ದೆ. ಒಂದೂವರೆ ವರ್ಷ ಡಾಕ್ಟರಿಗೆ ಚಳ್ಳೆಹಣ್ಣು ತಿನ್ನಿಸಿದೆ. ಅವರು ಪ್ರತಿಸಲವೂ ಬೆನ್ನು ತಟ್ಟಿ ಕಳಿಸುತ್ತಿದ್ದರು. ಆಮೇಲೆ ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿಸಿನೀರಿನ ಪಾತ್ರೆಯನ್ನು ಬಕೆಟ್ಟಿಗೆ ಬಗ್ಗಿಸಿದೆ. ಬಕೆಟ್ಟಿಗೆ ಆತುಕೊಂಡು ತಮ್ಮ ಕೂತಿದ್ದ, ಮೂರು ವರ್ಷದವನು. ಅವನ ಎಡಪಾದದ ಮೇಲಿನ ಚರ್ಮ ಇಂದಿಗೂ ಮುದುರಿ ಬಿಡಿಸಿದ ಕಾಗದದ ಹಾಗಿದೆ.

ನಾನು ಪಟ್ಟಿಯನ್ನು ಟೈಪ್ ಮಾಡತೊಡಗಿದೆ. ಒಂದೊಂದು ಕೀಲಿ ಒತ್ತಿದಾಗಲೂ ನೆಗಡಿ ಮಾವ ಆ ಅಕ್ಷರವನ್ನು ಹೇಳುತ್ತಿದ್ದ: ರ, ಗ, ಪ. ತಮ್ಮ ಸಾಮಾನ್ಯವಾಗಿ ಮೂಗು ಹಿಡಿದುಕೊಂಡು ಅವನನ್ನು ಅಣಕಿಸದೆ ಬಿಡುವವನಲ್ಲ. ಅವತ್ತು ಸುಮ್ಮನಿದ್ದ. "ಐದನೇ ಸಾಲು ಇನ್ನೊಂದ್ಸಲ ಹೇಳಿಸು" ಎಂದು ಮಾತ್ರ ಒಮ್ಮೆ ಕೇಳಿದ. ಹೇಳಿಸಿದೆ.

ಹಿಂದಿನ ವಾರ ನಾನು ಲಿನಕ್ಸನ್ನು ಹೊಸ ಆವೃತ್ತಿಗೆ ಏರಿಸಿದ್ದೆ. ಏರಿಸಿದಾಗಲೆಲ್ಲ ಅದು ಏನಾದರೊಂದನ್ನು ತನಗೆ ತೋಚಿದಂತೆ ಬದಲಾಯಿಸುತ್ತದೆ. ಈ ಸಲ ಕಾಗದದ ಅಳತೆಯನ್ನು ಗಿಡ್ಡ ಮಾಡಿತ್ತು, ನನಗೆ ಗೊತ್ತಿರಲಿಲ್ಲ. ಮೊಂಡಿ ಕೆಲಸ ಶುರು ಮಾಡಿದಳು. ಸಾಲಿದ್ದ ಕಡೆ ಅವಳ ಮಂಡೆ ಜರ್ ಎಂದು ಆಚೆಯಿಂದೀಚೆಗೆ ಓಡುತ್ತದೆ, ಖಾಲಿ ಜಾಗ ಬಂದರೆ ಕಾಗದವನ್ನು ಹಾಗೇ ಜಾರಿಸಿಬಿಡುತ್ತಾಳೆ. ಎಂಟನೆಯ ಸಾಲಾದ ಮೇಲೆ ಅವಳು ಕಾಗದವನ್ನು ಜಾರಿಸಿದಳು. ನನ್ನ ಕಿವಿ ಇನ್ನೆರಡು ಸದ್ದಿಗೆ ಕಾಯುತ್ತಲೇ ಇತ್ತು.

"ಕೊನೆಯ ಸಾಲು ಓದು" ಎಂದೆ.

ತಮ್ಮ ಹಾಳೆ ಎತ್ತಿಕೊಂಡ. "ಟ, ಪ, ರ, ನ, ಗ, ದ, ಸ, ಲ. ಸೂಪರ್ ಬಂದಿದೆ."

"ಅದರ ಮೇಲಿಂದು?"

"ದ, ಗ, ಲ, ರ, ಸ, ನ, ಪ." ಹತ್ತನೆಯ ಸಾಲು, ಒಂಬತ್ತನೆಯ ಸಾಲು, ಎರಡರಲ್ಲೂ ಒಂದು ಕಡೆಯೂ ತಡವರಿಸಲಿಲ್ಲ.

ನನ್ನ ಕಿವಿಯೇ ತಪ್ಪಿರಬೇಕು ಎಂದುಕೊಂಡೆ. ಹಾಗೆಂದುಕೊಳ್ಳಲು ನನಗೆ ತುಂಬ ಆಸೆಯಿತ್ತು. ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡು ಮೊಂಡಿಯ ತಲೆಯ ಮೇಲಿನ ಗಾಜಿಗೆ ಮುಖಮಾಡಿಟ್ಟು ಸ್ಕ್ಯಾನ್ ಮಾಡಿದೆ. ಪರದೆಯ ಮೇಲೆ ಪುಟ ನನ್ನ ಬಣ್ಣದಲ್ಲಿ ಬಂತು, ಕಪ್ಪು ಹಿನ್ನೆಲೆ, ಬಿಳಿ ಅಕ್ಷರ. ದೊಡ್ಡದು ಮಾಡಿ ಮಾಡಿ ಕೆಳಗಿಳಿದೆ. ಎಂಟು ಸಾಲಿದ್ದವು. ಆಮೇಲೆ ಪುಟದ ಅಂಚಿನವರೆಗೂ ಏನೂ ಇರಲಿಲ್ಲ.

ಪರದೆಯನ್ನು ತಮ್ಮನ ಕಡೆ ತಿರುಗಿಸಿದೆ.

"ಅಬ್ಬಾ, ಇದ್ರಲ್ಲಿ ಎಷ್ಟು ಚೆನ್ನಾಗಿ ಕಾಣುತ್ತೆ!" ಎಂದ ಅವನು. ಕಪ್ಪಿನ ಮೇಲಿನ ಬಿಳಿ ಅಷ್ಟು ಹಿತವಾಗುವುದು ನನ್ನಂಥ ಕಣ್ಣಿಗೆ.

"ಎಷ್ಟು ಸಾಲಿದೆ ಎಣಿಸು."

ಎಣಿಸಿದ. ಎಂಟಕ್ಕೆ ನಿಂತ. ಮತ್ತೆ ಮೊದಲಿಂದ ಎಣಿಸಿದ. ನಾನು ಅವನ ಮುಖ ನೋಡಲೆಂದು ಅವನ ಕಿವಿಯ ಕಡೆ ತಿರುಗಿದೆ. ಅವನೂ ನನ್ನತ್ತ ತಿರುಗಿದ್ದ, ಆದರೆ ಅವನ ನೋಟ ನನ್ನ ಮುಖದ ಮೇಲಿರಲಿಲ್ಲ. ನನ್ನ ಕಿವಿಯ ಮೇಲಿತ್ತು.

"ಯಾವತ್ತಿಂದ?" ಎಂದು ಕೇಳಿದೆ.

"ಎಂಟು ತಿಂಗಳಾಯ್ತು."

"ಮತ್ತೆ ಪತ್ರಿಕೆದು ಕೊನೆಯ ಸಾಲು ಓದ್ತಿದ್ದೆಯಲ್ಲೋ?"

"ನೀನು ಟೈಪ್ ಮಾಡಿದ್ದನ್ನ ಮಾವ ಓದ್ತಾನಲ್ಲ. ಕೇಳಿಸ್ಕೊಂಡು ನೆನಪಿಟ್ಕೊಳ್ತಿದ್ದೆ."

"ಬಸ್ಸು?"

"ದಾರಿಯೆಲ್ಲ ಗೊತ್ತಿರೋದೇ ಅಕ್ಕಾ. ಇಪ್ಪತ್ತೆರಡು ವರ್ಷ ಓಡ್ಸಿದೀನಿ. ಎಡಗಡೆ ಬಲಗಡೆ ಎಲ್ಲಾ ಕಾಣುತ್ತೆ."

"ನೇರ ಮುಂದೆ ಇರೋದು?"

ಅವನು ಗಾಜಿನ ಮೇಲಿಂದ ಹಾಳೆಯನ್ನು ತೆಗೆದು ಅದರ ಮೂಲೆಯನ್ನು ಮಡಚುತ್ತ ಕೂತ. ನನಗೆ ಸಿಟ್ಟು ನೆತ್ತಿಗೇರಿತ್ತು. ಅದಕ್ಕಿಂತ ಹೆಚ್ಚಾಗಿ ಭಯವಾಗಿತ್ತು. ಆಸ್ಪತ್ರೆಗೆ ಹೋಗುವ ಬಸ್ಸು ಅವನದು. ಬೆಳಗಿನ ಟ್ರಿಪ್ಪಿನಲ್ಲಿ ನಿಲ್ಲಲೂ ಜಾಗವಿರುವುದಿಲ್ಲ.

ಮನೆಯಲ್ಲಿ ಯಾರಿಗೂ ಹೇಳದಿದ್ದ ಒಂದು ಮಾತನ್ನು ಅವತ್ತು ಹೇಳಿದೆ. "ನಿನ್ನ ಕಾಲಿಗೆ ನೀರು ಬಿದ್ದಾಗ ನಾನು ಬೇರೆಲ್ಲೋ ನೋಡ್ತಿದ್ದೆ ಅಂದ್ಕೊಂಡಿದೀಯಲ್ಲ. ಅಲ್ಲ ಕಣೋ. ನಿನ್ನನ್ನೇ ನೇರವಾಗಿ ನೋಡ್ತಿದ್ದೆ. ಅದಕ್ಕೇ ನೀನು ಕಾಣಲಿಲ್ಲ."

ಅವನು ಬಗ್ಗಿ ಎಡಪಾದವನ್ನೊಮ್ಮೆ ಸವರಿಕೊಂಡ. ಆಮೇಲೆ, "ನಾಳೆಯಿಂದ ರಜೆ ಹಾಕ್ತೀನಿ" ಎಂದು ಎದ್ದ. ಗುರುವಾರದ ಬಗ್ಗೆ ಏನೂ ಹೇಳಲಿಲ್ಲ. ಹಾಳೆಯನ್ನು ಮೇಜಿನ ಮೇಲೆ ಬಿಟ್ಟು ಹೋದ. ಅದು ಅವನಿಗೆ ಬೇಕಾಗಿಯೂ ಇರಲಿಲ್ಲ, ಅಷ್ಟೂ ಅಕ್ಷರ ತಲೆಯಲ್ಲಿ ಕೂತಿದ್ದವು. ಕೂರಿಸಿದವಳು ನಾನು.

ಸೋಮವಾರ ಬೆಳಿಗ್ಗೆ ಕೋಲು ಹಿಡಿದು ಸ್ಟಾಪಿಗೆ ಹೋದೆ. ಆಸ್ಪತ್ರೆ ಬಸ್ಸು ಬಂತು. ಹತ್ತಿ, ಡ್ರೈವರನ ಪಕ್ಕದಲ್ಲೇ ನಿಂತು ಕಿವಿ ನೋಡಿದೆ. "ಏನಮ್ಮಾ, ಯಾಕೆ ಹಾಗೆ ನೋಡ್ತೀರಾ?" ಎಂದ ಒಬ್ಬ ಅಪರಿಚಿತ. ಏನಿಲ್ಲಪ್ಪ ಎಂದು ಇಳಿದುಬಿಟ್ಟೆ. ಮಂಗಳವಾರವೂ ಹೋದೆ. ಅದೇ ಅಪರಿಚಿತ, ಈ ಸಲ ಅವನೇ ನಮಸ್ಕಾರ ಹೇಳಿದ. ಬುಧವಾರ ಸಂಜೆಯೊಳಗೆ ತಮ್ಮ ಬಾರದಿದ್ದರೆ ಡಿಪೋಗೆ ನಾನೇ ಫೋನ್ ಮಾಡುವುದೆಂದು ನಿರ್ಧರಿಸಿದ್ದೆ. ಒಡಹುಟ್ಟಿದವನ ಅನ್ನಕ್ಕೆ ಕಲ್ಲು ಹಾಕಿದವಳು ಎನ್ನಿಸಿಕೊಳ್ಳಲು ಮನಸ್ಸನ್ನು ಗಟ್ಟಿಮಾಡಿಕೊಳ್ಳುತ್ತಿದ್ದೆ. ಮನಸ್ಸೇನೂ ಗಟ್ಟಿಯಾಗಲಿಲ್ಲ, ಆದರೂ ಡಿಪೋದ ನಂಬರನ್ನು ನೆಗಡಿ ಮಾವನ ಕೈಲಿ ಎರಡು ಸಲ ಓದಿಸಿ ನೆನಪಿಟ್ಟುಕೊಂಡೆ.

ಬುಧವಾರ ನಾಲ್ಕಕ್ಕೆ ಅವನು ಬಂದ. ಚಪ್ಪಲಿ ಬಿಡುತ್ತಲೇ, "ಒಂದು ಅರ್ಜಿ ಟೈಪ್ ಮಾಡ್ಬೇಕು" ಎಂದ.

ಅವನು ಹೇಳಿದ, ನಾನು ಬರೆದೆ. ನನ್ನ ದೃಷ್ಟಿ ಕಡಿಮೆಯಾಗಿರುವುದರಿಂದ ನನ್ನನ್ನು ಬಸ್ ಓಡಿಸುವ ಕೆಲಸದಿಂದ ಬಿಡಿಸಿ, ಡಿಪೋದಲ್ಲೇ ಬೇರೆ ಕೆಲಸ ಕೊಡಬೇಕೆಂದು ಕೋರುತ್ತೇನೆ. ನೆಗಡಿ ಮಾವ ಅದನ್ನು ತನ್ನ ಕಟ್ಟಿದ ಮೂಗಿನಲ್ಲಿ ಮೊದಲಿಂದ ಕೊನೆಯವರೆಗೆ ಓದಿದ. ನನ್ನ ಅರ್ಜಿಗಳ ತಳದಲ್ಲಿ ನಾನು ಯಾವಾಗಲೂ ಒಂದು ವಾಕ್ಯ ಸೇರಿಸುತ್ತೇನೆ. ಇಲ್ಲವಾದರೆ ಕಚೇರಿಯವರು ನಿಮಗೆ ಇದನ್ನು ಓದಿ ಹೇಳಿದ್ದು ಯಾರು ಎಂದು ಕೇಳಿ ತಲೆ ತಿನ್ನುತ್ತಾರೆ. ಹಳೆಯದೊಂದರಿಂದ ನಕಲು ಮಾಡಿ ಅವನ ಅರ್ಜಿಗೂ ಅದನ್ನು ಸೇರಿಸಿದೆ, ಮಾವ ಅದನ್ನು ಓದಲಿಲ್ಲ. ಕಾಗದದ ಅಳತೆ ಸರಿಮಾಡಿ, ಅಕ್ಷರವನ್ನು ಪತ್ರಿಕೆಯ ಅಕ್ಷರದಷ್ಟು ದಪ್ಪ ಮಾಡಿ ಪ್ರಿಂಟ್ ಕೊಟ್ಟೆ. ಮೊಂಡಿ ಎಲ್ಲ ಸಾಲಿಗೂ ಸದ್ದು ಮಾಡಿದಳು.

"ಕೊನೆಯ ಸಾಲು ಓದು" ಎಂದೆ. ಬಾಯಿಗೆ ಅಭ್ಯಾಸವಾಗಿತ್ತು, ಅಷ್ಟೇ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವನು ಹಾಳೆಯನ್ನು ಕಿಟಕಿಯ ಹತ್ತಿರ ಒಯ್ದ. ತಲೆಯನ್ನು ಓರೆ ಮಾಡಿ, ಮತ್ತೊಂದಿಷ್ಟು ಓರೆ ಮಾಡಿ, ಬೆರಳಿಟ್ಟುಕೊಂಡು ಒಂದೊಂದೇ ಪದ ಓದಿದ. "ಇದನ್ನು... ನಾನೇ... ಓದಿ... ಸಹಿ... ಮಾಡಿದ್ದೇನೆ."

"ಸಹಿ ಎಲ್ಲಿ ಹಾಕ್ಲಿ?" ಎಂದು ಕೇಳಿದ.

ನನ್ನ ಡ್ರಾಯರಿನಲ್ಲಿ ಒಂದು ಕಪ್ಪು ರಟ್ಟಿದೆ, ನಡುವೆ ಬೆರಳಗಲದ ಕಿಂಡಿ ಕೊರೆದದ್ದು. ಸಹಿಯ ಜಾಗದ ಮೇಲೆ ಅದನ್ನಿಟ್ಟರೆ ಪೆನ್ನು ಕಿಂಡಿಯನ್ನು ದಾಟುವುದಿಲ್ಲ. ಅದನ್ನು ಹಾಳೆಯ ಮೇಲಿಟ್ಟು ಅವನ ಬೆರಳನ್ನು ಕಿಂಡಿಗೆ ಮುಟ್ಟಿಸಿದೆ. ಅವನು ಸಹಿ ಹಾಕಿದ. ಅರ್ಜಿಯನ್ನು ಮಡಚಿ ಅಂಗಿಯ ಜೇಬಿಗಿಟ್ಟುಕೊಂಡು, ಐದು ಗಂಟೆಯೊಳಗೆ ಮ್ಯಾನೇಜರ್ ಕೈಗೆ ಕೊಡಬೇಕೆಂದು ಹೊರಟ.

ಅವನು ಹೋದ ಮೇಲೆ ಮೇಜು ತಡವಿದೆ. ಕಪ್ಪು ರಟ್ಟು ಇರಲಿಲ್ಲ, ಅವನೇ ಒಯ್ದಿದ್ದ. ಮೊಂಡಿ ಬಂದಿದ್ದ ಪೆಟ್ಟಿಗೆಯನ್ನು ಮಂಚದ ಕೆಳಗಿಂದ ಎಳೆದು, ಕತ್ತರಿ ಹುಡುಕಿಕೊಂಡು, ನನಗೆ ಇನ್ನೊಂದು ಕತ್ತರಿಸಿಕೊಂಡೆ.