ನಷ್ಟ ಹೇಳದ ಓಣಿ

ಆವತ್ತು ಬೆಳಿಗ್ಗೆ ಗಾಳಿ ಎಂಬುದು ಹೆಸರಿಗೂ ಇರಲಿಲ್ಲ. ಮೋಡ ಮಡುವಿಗಿಳಿದ ಎಮ್ಮೆಯ ಹಾಗೆ ಊರಿನ ಮೇಲೆ ಬಿದ್ದುಕೊಂಡಿತ್ತು; ಸುರಿಯುವ ಮನಸ್ಸೂ ಇಲ್ಲ, ಸರಿಯುವ ಮನಸ್ಸೂ ಇಲ್ಲ. ಕೆಲವು ದಿನಗಳನ್ನು ದೇವರು ಹೀಗೆ ಯಾವ ತೀರ್ಮಾನವನ್ನೂ ಮಾಡದೆ ಬಿಟ್ಟುಬಿಡುತ್ತಾನೆ. ಮನುಷ್ಯರು ತೀರ್ಮಾನಕ್ಕೆ ಕೂರುವುದು ಅಂಥ ದಿನಗಳಲ್ಲೇ.

ಸರ್ಕಾರಿ ಕಟ್ಟಡದ ಮೇಲಿನ ಮಹಡಿಯಲ್ಲಿ ಹವಾಮಾನ ಯೋಜನೆಯ ಕೋಣೆ. ರಾಜ್ಯದಲ್ಲಿ ಇನ್ನು ಮುಂದೆ ಸುಡುವ ಬಿಸಿಲು, ಬರುವ ನೆರೆ ಎಲ್ಲವನ್ನೂ ಮೊದಲೇ ಅಂದಾಜು ಮಾಡಿ, ಯಾವ ಊರಿಗೆ ಏನು ಮಾಡಬೇಕೆಂದು ಬರೆದಿಡುವ ಜಾಗ ಅದು. ಮೇಜಿನ ಸುತ್ತ ಮೂವರು. ಮುಖ್ಯಸ್ಥರನ್ನು ಎಲ್ಲರೂ ದೊಡ್ಡವರು ಎನ್ನುತ್ತಿದ್ದರು. ಅಂಕಿಅಂಶ ನೋಡುವವನ ಅಡ್ಡಹೆಸರು ಸರಾಸರಿ. ಮನೆಯಲ್ಲಿ ಹೆಂಡತಿ ಅಳುತ್ತಿದ್ದು ಮಗ ನಗುತ್ತಿದ್ದರೆ, ಒಟ್ಟಾರೆ ನೆಮ್ಮದಿ ಇದೆ ಎನ್ನುವ ಆಸಾಮಿ. ಮೂರನೆಯವಳು ನಕ್ಷೆಯವಳು. ಎರಡು ಮಳೆಗಾಲ ಮೊಣಕಾಲುದ್ದ ನೀರಲ್ಲಿ ನಿಂತು ಹೊಳೆದಂಡೆಯ ಐದು ಓಣಿಗಳನ್ನು ಅಳೆದು ಬಂದವಳು.

ಐದರಲ್ಲಿ ಮೂರಕ್ಕೆ ಮಾತ್ರ ತಡೆಗೋಡೆ. ಉಳಿದ ಎರಡನ್ನು ಎಬ್ಬಿಸಿ ಊರಾಚೆಯ ವಸತಿ ಕಟ್ಟಡಗಳಿಗೆ ಸಾಗಿಸುವುದೆಂದು ಮೊದಲೇ ನಿರ್ಧಾರವಾಗಿತ್ತು. ಯಾವ ಮೂರು ಉಳಿಯಬೇಕು, ಯಾವ ಎರಡು ಏಳಬೇಕು ಎಂಬುದಕ್ಕೆ ಆವತ್ತು ಅಂಕ ಕೊಡುವುದಿತ್ತು. ಅತಿ ಕೆಳಗಿನ ಓಣಿಯಲ್ಲಿ ನಕ್ಷೆಯವಳ ಅಕ್ಕನ ಮನೆ. ಅವ್ವ ತೀರಿಕೊಂಡ ಮೇಲೆ ಅಕ್ಕ ಶಾಲೆ ಬಿಟ್ಟು ಅವರಿವರ ಬಟ್ಟೆ ಒಗೆದು ಇವಳನ್ನು ಓದಿಸಿದ್ದಳು. ಆ ಓಣಿಯಲ್ಲೇ ಇವಳು ಈಜು ಕಲಿತದ್ದು, ಅಕ್ಷರ ಕಲಿತದ್ದು, ಮೊದಲ ಸಲ ಪೆಟ್ಟು ತಿಂದದ್ದು.

ಅಂಕ ಕೊಡುವ ಪದ್ಧತಿಗೆ ಒಂದು ನಿಯಮವಿತ್ತು. ಯಾರಿಗೆ ಯಾವ ಓಣಿಯಲ್ಲಿ ಬಂಧುಗಳಿದ್ದಾರೋ ಅವರು ಆ ಓಣಿಯ ಸರದಿ ಬಂದಾಗ ಕೋಣೆಯಿಂದ ಆಚೆ ಹೋಗಬೇಕು. ಈ ನಿಯಮವನ್ನು ಬರೆದವಳು ನಕ್ಷೆಯವಳೇ. ಬರೆದ ದಿನ ದೊಡ್ಡವರು ಕನ್ನಡಕ ತೆಗೆದು ಅವಳನ್ನು ನೋಡಿ, ನಿನ್ನಂಥವರು ನಾಲ್ಕು ಜನ ಇದ್ದಿದ್ದರೆ ಈ ದೇಶ ಎಲ್ಲೋ ಇರುತ್ತಿತ್ತು ಎಂದಿದ್ದರು. ಆ ಮಾತನ್ನು ಅವಳು ಹಬೆಯಾಡುವ ಗಂಜಿಯ ಹಾಗೆ ಬಹಳ ದಿನ ಎದೆಯಲ್ಲಿಟ್ಟು ಕಾಪಾಡಿಕೊಂಡಿದ್ದಳು. ಹೊಗಳಿಕೆ ದೇವರಿಗೇ ಭಾರ. ಮನುಷ್ಯರು ಹೊತ್ತರೆ ಕತ್ತು ಬಾಗದೆ ಇರುತ್ತದೆಯೇ?

ನಾಲ್ಕು ಓಣಿಗಳ ಅಂಕ ಮುಗಿಯಿತು. ಐದನೆಯದರ ಸರದಿ ಬಂದಾಗ ಅವಳು ಎದ್ದಳು. ಯಾರೂ ಹೇಳಲಿಲ್ಲ, ತಾನಾಗಿಯೇ ಎದ್ದಳು. ಹೋಗುವಾಗ ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡಳು.

ಹೊರಗಿನ ಪಡಸಾಲೆಯಲ್ಲಿ ಹಳೆಯ ಕುರ್ಚಿಗಳನ್ನು ಒಂದರ ಮೇಲೊಂದು ಒಟ್ಟಿದ್ದರು. ಅವಳು ಕಿಟಕಿಗೆ ಒರಗಿ ನಿಂತಳು. ಒಳಗೆ ಏನು ನಡೆಯುತ್ತಿರಬಹುದೆಂದು ಯೋಚಿಸುತ್ತ ಇರುವಾಗ ಅವಳಿಗೆ ಒಂದು ಸಂಗತಿ ಹೊಳೆಯಿತು.

ಅಂಕದ ಹಾಳೆಯಲ್ಲಿ ಎಲ್ಲಕ್ಕಿಂತ ತೂಕದ ಅಂಕಣ, ಹಿಂದಿನ ನೆರೆಗಳಲ್ಲಿ ಆದ ನಷ್ಟ. ಹೆಚ್ಚು ನಷ್ಟವಾದ ಕಡೆ ಗೋಡೆ ಕಟ್ಟಿದರೆ ಹೆಚ್ಚು ಉಳಿತಾಯ, ಆದ್ದರಿಂದ ಹೆಚ್ಚು ಅಂಕ. ಆದರೆ ಅಕ್ಕನ ಓಣಿಯವರು ಎಂದೂ ನಷ್ಟ ಹೇಳಿಕೊಂಡವರಲ್ಲ. ನೀರು ಬರುವ ಸೂಚನೆ ಕಂಡರೆ ಪಾತ್ರೆಪಗಡೆ ಅಟ್ಟಕ್ಕೇರಿಸಿ, ಮುದುಕರನ್ನು ಬೆನ್ನಿಗೆ ಹಾಕಿಕೊಂಡು ದಿಬ್ಬ ಹತ್ತುತ್ತಿದ್ದರು. ನೀರು ಇಳಿದ ಮೇಲೆ ಕೆಸರು ಬಳಿದು ಗೋಡೆಗೆ ಸುಣ್ಣ ಹೊಡೆದುಕೊಳ್ಳುತ್ತಿದ್ದರು. ಪರಿಹಾರದ ಸಾಲಿನಲ್ಲಿ ನಿಲ್ಲುವುದಕ್ಕೆ ಅವರಿಗೆ ನಾಚಿಕೆ. ಅಳದ ಮಗುವಿಗೆ ಹಾಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಆ ಓಣಿಯ ನಷ್ಟ ಸೊನ್ನೆ.

ಈ ಸೊನ್ನೆಯ ಅರ್ಥ ಏನೆಂದು ಹೇಳಬಲ್ಲವರು ಆ ಕೋಣೆಯಲ್ಲಿ ಒಬ್ಬರೇ ಇದ್ದರು. ಅವರು ಈಗ ಪಡಸಾಲೆಯಲ್ಲಿ ಕುರ್ಚಿಗಳ ಪಕ್ಕ ನಿಂತಿದ್ದರು.

ಬಾಗಿಲ ಹಿಡಿಕೆಯ ಮೇಲೆ ಅವಳು ಕೈಯಿಟ್ಟಳು. ಒಳಗೆ ಸರಾಸರಿ ಯಾವುದಕ್ಕೋ ನಕ್ಕಿದ್ದು ಕೇಳಿಸಿತು. ಒಳಗೆ ಹೋದರೆ ನಿಯಮ ಮುರಿದ ಹಾಗೆ. ಅದೂ ತನ್ನ ಅಕ್ಕನಿಗೋಸ್ಕರ. ಕೈ ಹಿಂದಕ್ಕೆ ಬಂತು. ಅದನ್ನು ಅವಳು ಧರ್ಮ ಎಂದುಕೊಂಡಳು. ಧರ್ಮಕ್ಕೂ ಮರ್ಯಾದೆಯ ಭಯಕ್ಕೂ ಮುಖ ಒಂದೇ ಥರ ಇರುತ್ತದೆ. ಬೆಳಕಿಗೆ ಹಿಡಿದು ನೋಡಬೇಕು, ಆ ಬೆಳಿಗ್ಗೆ ಬೆಳಕಿರಲಿಲ್ಲ.

ಒಳಗೆ ಕರೆದಾಗ ಎಲ್ಲ ಮುಗಿದಿತ್ತು. ಅಕ್ಕನ ಓಣಿ ಕೊನೆಯದಾಗಿತ್ತು. ನಷ್ಟವೇ ಇಲ್ಲದ ಕಡೆ ಗೋಡೆ ಯಾಕೆ, ಆದರೆ ನೆರೆಯ ಗೆರೆಯೊಳಗೆ ಇರುವುದರಿಂದ ಎಬ್ಬಿಸಲೇಬೇಕು ಎಂದು ಸರಾಸರಿ ಮೃದುವಾಗಿ ವಿವರಿಸಿದ. ಅವಳು ಆಗ ಹೇಳಿದಳು, ಅವರು ಪರಿಹಾರ ಕೇಳಲಿಲ್ಲ ಅಂತ ಸೊನ್ನೆ, ನಷ್ಟ ಆಗಲಿಲ್ಲ ಅಂತ ಅಲ್ಲ ಎಂದು. ದೊಡ್ಡವರು ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ ನಕ್ಕರು.

"ನೀನೇ ಹೇಳಮ್ಮ, ಈಗ ಇದನ್ನ ಲೆಕ್ಕಕ್ಕೆ ತಗೊಂಡ್ರೆ ಜನ ಏನಂತಾರೆ? ಅಕ್ಕನ ಮನೆ ಉಳಿಸೋಕೆ ಅಂಕ ತಿದ್ದಿದಳು ಅನ್ನಲ್ವಾ? ನಿನ್ನ ಒಳ್ಳೆ ಹೆಸರಿಗೋಸ್ಕರ ಹೇಳ್ತಿದೀನಿ."

ಅವಳು ಮೇಜಿನ ಮೇಲಿನ ನಕ್ಷೆಯನ್ನು ಸುತ್ತಿಕೊಂಡಳು.

ಸಂಜೆ ಅಕ್ಕನ ಮನೆಗೆ ಹೋದಳು. ಭಾವ ಬಾಗಿಲಲ್ಲೇ ಕೂತಿದ್ದ. ಅಂಗಡಿಗಳಿಗೆ ಬೋರ್ಡು ಬರೆಯುವ ಕೆಲಸ. ಬಣ್ಣದ ಘಾಟು ಕುಡಿದು ಕುಡಿದು ಎದೆಗೂಡು ಹಾಳಾಗಿತ್ತು. ನಾಲ್ಕು ಹೆಜ್ಜೆ ನಡೆದರೆ ನಿಂತು ಉಸಿರು ಹುಡುಕಬೇಕು. ಬಾ ನಾದಿನಿ, ಸರ್ಕಾರ ಮನೆಗೇ ಬಂತು ಎಂದು ಎದ್ದು ಜಾಗ ಬಿಟ್ಟ.

ಸುದ್ದಿ ಕೇಳಿ ಅಕ್ಕ ಅಳಲಿಲ್ಲ. ಒಣಗಿದ ಬಟ್ಟೆ ಮಡಚುತ್ತ ಇದ್ದವಳು ಮಡಚುತ್ತಲೇ ಕೇಳಿದಳು.

"ನೀನು ಆಚೆ ಹೋಗಿ ನಿಂತಾಗ, ಒಳಗೆ ನಮ್ಮ ಕಡೆಯವರು ಯಾರಿದ್ರು?"

"ಯಾರೂ ಇರಬಾರದು ಅಕ್ಕ. ಅದೇ ನಿಯಮ."

"ಯಾರು ಮಾಡಿದ ನಿಯಮ?"

"ನಾನೇ," ಎಂದಳು.

ಅಕ್ಕ ಮಡಚಿದ ಸೀರೆಯನ್ನು ಬಿಚ್ಚಿ ಮತ್ತೆ ಮಡಚಿದಳು. ಭಾವ ಮಾತ್ರ, ಪರವಾಗಿಲ್ಲ ಬಿಡೇ, ಊರಿಗೆ ಉಪಕಾರಿ ಆದವರು ಮನೆಗೆ ಏನಾಗ್ತಾರೆ ಅಂತ ಗಾದೆಯೇ ಇದೆ, ನಮ್ಮ ಹುಡುಗಿ ಗಾದೆ ಸುಳ್ಳು ಮಾಡಲಿಲ್ಲ ಎಂದು ಕೆಮ್ಮುತ್ತ ನಕ್ಕ. ಆ ರಾತ್ರಿ ಅವಳಿಗೆ ಊಟ ಬಡಿಸಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಊಟ ರುಚಿಸುತ್ತಿತ್ತು.

ಯೋಜನೆಯ ಪುಸ್ತಕ ಬಿಡುಗಡೆಯಾದಾಗ ಮುಖಪುಟದಲ್ಲಿ ಅಕ್ಕನ ಓಣಿಯ ಚಿತ್ರವಿತ್ತು. ಹೆಂಗಸರು ನಗುತ್ತ ಕೆಸರು ಬಳಿಯುತ್ತಿದ್ದರು. ಎದೆಗುಂದದ ಜನ ಎಂದು ಕೆಳಗೆ ಬರೆದಿದ್ದರು. ಚಿತ್ರ ತೆಗೆದವಳು ನಕ್ಷೆಯವಳು. ಎಲ್ಲರೂ ಚಪ್ಪಾಳೆ ತಟ್ಟುವಾಗ ಪಕ್ಕದಲ್ಲಿ ಕೂತಿದ್ದ ಗುಮಾಸ್ತೆ ಅವಳ ಕಿವಿಗೆ ಒಂದು ಮಾತು ಹಾಕಿದಳು. ಗೋಡೆ ಸಿಕ್ಕಿದ ಎರಡನೇ ಓಣಿಯಲ್ಲಿ ಸರಾಸರಿಯ ಮಾವನದೊಂದು ಉಗ್ರಾಣ ಇದೆಯಂತೆ. ಆ ಓಣಿಯ ಅಂಕದ ಹೊತ್ತಿಗೆ ಅವನು ಕೂತ ಕುರ್ಚಿಯಿಂದ ಅಲ್ಲಾಡಿರಲಿಲ್ಲವಂತೆ. ಅಲ್ಲಾಡಲಿಲ್ಲ ಎಂಬುದನ್ನು ನಕ್ಷೆಯವಳೇ ಕಣ್ಣಾರೆ ಕಂಡಿದ್ದಳು.

ದೊಡ್ಡವರ ಹತ್ತಿರ ಹೋದಳು. ಅವರು ಹೌದಾ ಎಂದರು. ಆಶ್ಚರ್ಯವಾದವರ ಹಾಗೆ ಕಾಣಲಿಲ್ಲ. ಪುಸ್ತಕ ಅಚ್ಚಾಗಿದೆ, ಮಂತ್ರಿಗಳು ಸಹಿ ಹಾಕಿದ್ದಾರೆ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಯಾಕೆ ಎಂದರು. ಆಮೇಲೆ ಬಹಳ ಪ್ರೀತಿಯಿಂದ ಕೇಳಿದರು: "ನಿನಗೆ ಆಚೆ ಹೋಗು ಅಂತ ಯಾರಾದ್ರೂ ಹೇಳಿದ್ರಾ?"

ಎದೆಯಲ್ಲಿ ಕಾಪಾಡಿಕೊಂಡಿದ್ದ ಆ ಹೊಗಳಿಕೆಯ ಗಂಜಿ ಹಬೆ ಹೋಗಿ ಆಗ ಕಲ್ಲಾಯಿತು.

ಓಣಿ ಏಳುವ ದಿನ ಹತ್ತಿರ ಬಂತು. ಊರಾಚೆಯ ಕಟ್ಟಡಗಳಿಗೆ ಲಿಫ್ಟಿನ ಗುಂಡಿ ಇತ್ತು, ಲಿಫ್ಟು ಇರಲಿಲ್ಲ. ಮನೆಗಳಿಗೆ ಎಲ್ಲರೆದುರು ಚೀಟಿ ಎತ್ತಿಸಿದರು. ಅಕ್ಕನಿಗೆ ಬಂದದ್ದು ತುತ್ತತುದಿಯ ಮಹಡಿ. ನೆಲಮಹಡಿ ಸಿಕ್ಕಿದ್ದು ಓಣಿಯ ಟೈಲರಿಗೆ, ಒಂದು ಕಾಲು ಸೊರಗಿದ್ದ ಒಂಟಿ ಮನುಷ್ಯ. ಅಕ್ಕ ಚೀಟಿಯನ್ನು ಗಂಡನಿಗೆ ತೋರಿಸಿದಾಗ ಅವನು ಮೇಲೆ ನೋಡಿ, ಒಳ್ಳೇದಾಯ್ತು, ಮೇಲಿನವನಿಗೆ ಹತ್ತಿರ ಆದೆ, ಹೋಗುವಾಗ ಬಸ್ಸಿನ ಖರ್ಚಿಲ್ಲ ಎಂದನಂತೆ.

ಈ ಮಾತು ತಂಗಿಯ ಕಿವಿಗೆ ಬಿತ್ತು. ಅವಳಿಗೆ ನಿದ್ರೆ ಹತ್ತಲಿಲ್ಲ. ಮರುದಿನ ಹಂಚಿಕೆಯ ಅಧಿಕಾರಿಯ ಮುಂದೆ ಹೋಗಿ ಕೂತಳು. ಜೀವಮಾನದಲ್ಲಿ ಮೊದಲ ಬಾರಿಗೆ ತನ್ನ ಇಲಾಖೆಯ ಹೆಸರು ಹೇಳಿ ಒಂದು ಉಪಕಾರ ಕೇಳಿದಳು. ಅವನು ಅದನ್ನು ಬಹಳ ಸಲೀಸಾಗಿ ಮಾಡಿಕೊಟ್ಟ. ಇಷ್ಟು ಸಣ್ಣದಕ್ಕೆ ನೀವೇ ಬರಬೇಕಿತ್ತಾ ಎಂದ.

ಸಾಮಾನು ಸಾಗಿಸುವ ದಿನ ನೆಲಮಹಡಿಯ ಕೀಲಿಕೈ ಅಕ್ಕನ ಕೈಗೆ ಬಂತು. ಆಫೀಸಿನವರು ಭಾವನ ಎದೆಯ ಕಾಯಿಲೆ ನೋಡಿ ಮನೆ ಬದಲಾಯಿಸಿದ್ದಾರೆ ಎಂದು ತಂಗಿ ಹೇಳಿದಳು. ಅಕ್ಕ ಎಷ್ಟೋ ದಿನದ ಮೇಲೆ ಅವಳ ತಲೆ ಸವರಿದಳು. ಭಾವ ಒಳಗೆ ಹೋಗಿ, ಚಾಪೆ ಹಾಸಿಕೊಂಡು, ಕಾಲು ಚಾಚಿ, ರಾಜ ಎಂದರೆ ನಾನೇ ಎಂದ. ತಂಗಿ ಅಡುಗೆಮನೆಯ ಹಲಗೆಗಳ ಮೇಲೆ ಡಬ್ಬಿಗಳನ್ನು ಜೋಡಿಸತೊಡಗಿದಳು.

ಅಕ್ಕ ನೀರಿಗೆಂದು ಆಚೆ ಹೋದಳು. ಮೆಟ್ಟಿಲ ಬುಡದಲ್ಲಿ ಟೈಲರ್ ಹೊಲಿಗೆ ಯಂತ್ರದ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ, ಅಂಗಿ ಒದ್ದೆಯಾಗಿ ಬೆನ್ನಿಗಂಟಿತ್ತು. ಮೇಲಿನ ಮನೆಗೆ ಹೋಗಬೇಕಮ್ಮ, ದಾರಿಹೋಕರು ಯಾರಾದ್ರೂ ಕೈಜೋಡಿಸ್ತಾರಾ ಅಂತ ಕಾಯ್ತಿದೀನಿ ಎಂದ. ಚೀಟಿಯಲ್ಲಿ ಕೆಳಗಿನದೇ ಬಂದಿತ್ತು, ಎಲ್ಲರೂ ನೋಡಿದ್ರು, ಆಮೇಲೆ ಕಂಪ್ಯೂಟರಿನಲ್ಲಿ ಏನೋ ತಪ್ಪಾಗಿದೆ ಅಂದ್ರು; ಅಷ್ಟೆತ್ತರಕ್ಕೆ ಬ್ಲೌಸ್ ಹೊಲಿಸೋಕೆ ಯಾರು ಹತ್ತಿ ಬರ್ತಾರೆ ಹೇಳಿ ಎಂದು ನಕ್ಕ. ಅವನಿಗೆ ಯಾರ ಮೇಲೂ ಅನುಮಾನವಿರಲಿಲ್ಲ.

ಅಕ್ಕ ಖಾಲಿ ಕೊಡದೊಂದಿಗೆ ಒಳಗೆ ಬಂದಳು.

"ಟೈಲರ್ ಮನೆ ಇದು. ನಿನ್ನ ಕೆಲಸವಾ?"

"ಭಾವನ ಮುಖ ನೋಡಿ ಮಾಡಿದೆ ಅಕ್ಕ. ದಿನಾ ಹತ್ತಿ ಇಳಿದ್ರೆ ಅವರು ಉಳಿಯಲ್ಲ."

"ಹೌದು, ಉಳಿಯಲ್ಲ," ಎಂದಳು ಅಕ್ಕ. ದನಿ ಏರಲಿಲ್ಲ. "ಇಡೀ ಓಣಿಗೆ ಒಂದು ಮಾತು ಆಡಬೇಕಾದಾಗ ನಿನಗೆ ನ್ಯಾಯ ಬೇಕಾಗಿತ್ತು. ಕುಂಟನ ಮನೆ ಕಿತ್ಕೊಳ್ಳೋವಾಗ ಬೇಡವಾಯ್ತಾ? ಎರಡು ಸಲವೂ ನನ್ನನ್ನ ಕೇಳಲಿಲ್ಲ ನೀನು."

ತಂಗಿ ಕೈಯಲ್ಲಿದ್ದ ಡಬ್ಬಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದು ನಿಂತಳು. ಭಾವ ಚಾಪೆಯ ಮೇಲಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಈ ಸಲ ಅವನಿಗೆ ಗಾದೆ ಸಿಗಲಿಲ್ಲ. ಗೋಡೆ ಹಿಡಿದು ಎದ್ದ, ಚಾಪೆ ಸುತ್ತಿದ, ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲ ಕಡೆ ನಡೆದ. ಮೊದಲ ತಿರುವಿನಲ್ಲಿ ನಿಂತು ಉಸಿರೆಳೆಯುವ ಸದ್ದು ಕೆಳಗಿನವರೆಗೂ ಬಂತು.

ಅಕ್ಕ ಅವನ ಹಿಂದೆ ಓಡಲಿಲ್ಲ. ಮೊದಲು ಟೈಲರ್ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತಳು. ಯಂತ್ರವನ್ನು ಅವನ ತೊಡೆಯಿಂದ ಮೆಲ್ಲಗೆ ಎತ್ತಿ ಕೆಳಗಿಟ್ಟಳು. ಸೊಂಟದಿಂದ ಕೀಲಿಕೈ ಬಿಡಿಸಿ ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.