ಬಾಟಲಿ ಮುಳುಗುತ್ತದೆ, ಮುಚ್ಚಳ ತೇಲುತ್ತದೆ

ಹಳೆ ಪ್ಲಾಸ್ಟಿಕ್ ಕರಗಿಸುವ ಆ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಹದಿನಾಲ್ಕು ವರ್ಷದಿಂದ ತೊಳೆಯುವ ತೊಟ್ಟಿಯ ಪಕ್ಕ ನಿಂತವಳು, ಹೊಸಬರು ಬಂದಾಗಲೆಲ್ಲ ಕೆಲಸ ಹೇಳಿಕೊಡುವವಳೂ ಅವಳೇ. ಅದಕ್ಕೇ ಎಲ್ಲರ ಬಾಯಲ್ಲಿ ತೊಟ್ಟಿ ಟೀಚರ್. ಮೊದಮೊದಲು ಗೇಲಿಗೆ ಇಟ್ಟ ಹೆಸರು. ಆಮೇಲೆ ಸೂಪರ್‌ವೈಸರ್ ಕೂಡ ಹಾಗೇ ಕರೆಯತೊಡಗಿದ. ಅವಳು ಮೇಲೆ ಮೇಲೆ ಮುಖ ಸಿಂಡರಿಸಿದರೂ ಒಳಗೊಳಗೇ ಹಿಗ್ಗುತ್ತಿದ್ದಳು.

ಕೆಲಸವೇನು ಅಂತೀರಾ? ಯಂತ್ರವು ಬಾಟಲಿ, ಡಬ್ಬ, ಬಕೆಟ್ಟು ಎಲ್ಲವನ್ನೂ ಉಗುರಿನಷ್ಟು ಚೂರು ಮಾಡಿ ತೊಟ್ಟಿಗೆ ಉದುರಿಸುತ್ತದೆ. ಅಲ್ಲಿಂದ ಮುಂದೆ ಬೇರೆ ಮಾಡುವುದು ನೀರು. ಕುಡಿಯುವ ನೀರಿನ ಬಾಟಲಿಯ ಚೂರು ತಳಕ್ಕೆ ಇಳಿಯುತ್ತದೆ, ಅದೇ ಬಾಟಲಿಯ ಮುಚ್ಚಳದ ಚೂರು ಮೇಲೇ ನಿಲ್ಲುತ್ತದೆ. ಮೇಲಿನದನ್ನು ಜರಡಿಯಲ್ಲಿ ಬಾಚಿ ಒಂದು ಮೂಟೆಗೆ, ತಳದ್ದನ್ನು ಇನ್ನೊಂದು ಮೂಟೆಗೆ. ಅದಕ್ಕೆ ಇದು ಬೆರೆತರೆ ಕರಗಿಸಿದ ಮಾಲನ್ನು ಮೂಸಿಯೂ ನೋಡುವವರಿಲ್ಲ. ಇದರಲ್ಲೂ ಒಂದು ಸೂಕ್ಷ್ಮ ಇದೆ. ತೆಳ್ಳಗಿನ ಚೂರು ಒಣಗಿದ್ದರೆ, ಮುಳುಗಬೇಕಾದದ್ದೂ ನೀರಿನ ಮೇಲೆ ಅಂಗಾತ ಮಲಗಿಬಿಡುತ್ತದೆ. ಅದನ್ನು ಕೋಲಿನಿಂದ ಒಂದು ಸಲ ಅದ್ದಿ ಬಿಡಬೇಕು. ಎದ್ದು ಬಂದರೆ ತೇಲುವ ಮಾಲು, ಬರದಿದ್ದರೆ ಮುಳುಗುವ ಮಾಲು. ಅವಳಿಗಿದ್ದ ವಿದ್ಯೆ ಇಷ್ಟೇ, ಆದರೆ ಇಷ್ಟನ್ನು ಅರೆದು ಕುಡಿದಿದ್ದಳು.

ಮಗಳು ಐದನೇ ಕ್ಲಾಸು. ಮಾತಿಗೆ ಮಾತು ಜೋಡಿಸುವುದರಲ್ಲಿ ಗಟ್ಟಿಗಿತ್ತಿಯಾದ್ದರಿಂದ ಅಮ್ಮ ಅವಳಿಗೆ ಇಟ್ಟ ಹೆಸರು ಲಾಯರಮ್ಮ. ಭಾನುವಾರ ಸ್ನಾನಕ್ಕೆ ಕೂರಿಸಿದರೆ ಸಾಕು, ಬಕೆಟ್ಟಿನ ಮುಂದೆ ಕೋರ್ಟು ಶುರು. ಬಾಚಣಿಗೆ ಮುಳುಗುತ್ತಾ, ಶಾಂಪೂ ಡಬ್ಬಿಯ ಮುಚ್ಚಳ ತೇಲುತ್ತಾ, ಯಾಕೆ, ಹೇಗೆ, ಯಾರು ಹೇಳಿದ್ದು? "ಯಾರೂ ಹೇಳಿದ್ದಲ್ಲ ಕಣೇ, ಅದ್ದಿ ನೋಡು" ಎನ್ನುತ್ತಿದ್ದಳು ಅಮ್ಮ. ಮೈ ತೊಳೆಯಬೇಕಾದ ನೀರೆಲ್ಲ ಹೀಗೆ ಪ್ರಯೋಗಕ್ಕೇ ಖರ್ಚಾಗುತ್ತಿತ್ತು.

ಆ ವರ್ಷ ದೊಡ್ಡ ವಿಜ್ಞಾನ ಶಾಲೆಯ ಪರೀಕ್ಷೆ ಬಂತು. ಅಲ್ಲಿ ಸೀಟು ಸಿಕ್ಕಿತೆಂದರೆ ಹನ್ನೆರಡನೇ ಕ್ಲಾಸಿನವರೆಗೆ ಊಟ, ವಸತಿ, ಪುಸ್ತಕ ಯಾವುದರ ಚಿಂತೆಯೂ ಇಲ್ಲ. ಒಂದೊಂದು ಶಾಲೆಯಿಂದ ಮೂವರು ಮಾತ್ರ. ತೊಟ್ಟಿ ಟೀಚರ್ ಹಗಲು ರಾತ್ರಿ ಅದನ್ನೇ ಜಪಿಸಿದಳು. ದಿನವಿಡೀ ನೀರಲ್ಲಿ ನಿಂತು ಅವಳ ಕಾಲ್ಬೆರಳ ಸಂದಿಯೆಲ್ಲ ಬೆಳ್ಳಗೆ ಕೊಳೆತು, ನಡೆಯುವಾಗ ಉರಿಯುತ್ತಿತ್ತು. ಈ ಕಾಲು ತನ್ನ ಪಾಲಿಗೇ ಮುಗಿಯಲಿ, ಮಗಳ ಪಾಲಿಗೆ ಬರಬಾರದು. ಅವಳಿಗೆ ಬೇಕಾಗಿದ್ದದ್ದು ಇದೊಂದೇ, ಇದನ್ನು ಅವಳು ಯಾರ ಹತ್ತಿರವೂ ಮುಚ್ಚಿಟ್ಟವಳಲ್ಲ.

ಐವತ್ತಕ್ಕೆ ಪರೀಕ್ಷೆ. ಮೂರನೆಯವನಿಗೆ ನಲವತ್ನಾಲ್ಕು, ಲಾಯರಮ್ಮನಿಗೆ ನಲವತ್ಮೂರು. ಒಂದೇ ಒಂದು ಮಾರ್ಕು! ಉತ್ತರದ ಹಾಳೆ ಮನೆಗೆ ಬಂದಾಗ ಅಮ್ಮ ಒಂದೊಂದೇ ಪುಟ ತಿರುವಿದಳು. ಹದಿನೇಳನೇ ಪ್ರಶ್ನೆ: 'ನೀರಿನಲ್ಲಿ ತೇಲುವವು ಯಾವುವು, ಮುಳುಗುವವು ಯಾವುವು? ಕಬ್ಬಿಣದ ಮೊಳೆ, ಮೇಣ, ಕಲ್ಲು, ಪ್ಲಾಸ್ಟಿಕ್.' ಮೊದಲಿನ ಮೂರೂ ಸರಿಯಾಗಿದ್ದವು. ನಾಲ್ಕನೆಯದಕ್ಕೆ ಹುಡುಗಿ ಗುಂಡು ಗುಂಡಾಗಿ ಬರೆದಿದ್ದಳು: 'ಕೆಲವು ಪ್ಲಾಸ್ಟಿಕ್ ತೇಲುತ್ತದೆ, ಕೆಲವು ಮುಳುಗುತ್ತದೆ. ಬಾಟಲಿ ಮುಳುಗುತ್ತದೆ, ಮುಚ್ಚಳ ತೇಲುತ್ತದೆ.' ಅದರ ಮೇಲೆ ಕೆಂಪು ಶಾಯಿಯ ಗೀಟು, ಪಕ್ಕದಲ್ಲಿ ಸೊನ್ನೆ. ಒಂದು ತಪ್ಪಾದರೂ ಎರಡು ಮಾರ್ಕೂ ಹೋಯಿತಂತೆ, ಅದು ನಿಯಮವಂತೆ.

ಅಮ್ಮನ ಮೈ ಉರಿದುಹೋಯಿತು. ಇಡೀ ಹಾಳೆಯಲ್ಲಿ ಅವಳಿಗೆ ನೂರಕ್ಕೆ ನೂರು ಗೊತ್ತಿದ್ದ ಉತ್ತರ ಅದೊಂದೇ, ಅದಕ್ಕೇ ಸೊನ್ನೆ ಬಿದ್ದಿತ್ತು.

"ಎರಡು ಮಾರ್ಕಿಗೆ ರಂಪ ಮಾಡಬೇಡ" ಎಂದ ಗಂಡ. ಅದೇ ಕಾರ್ಖಾನೆಯಲ್ಲಿ ಮೂಟೆಗೆ ಮಾಲು ಒತ್ತಿ ತುಂಬುವವನು, ಯಾರ ಕಣ್ಣಿಗೂ ಬೀಳದೆ ಬದುಕಬೇಕು ಅನ್ನುವ ಆಸಾಮಿ. "ಮೇಷ್ಟ್ರನ್ನ ಎದುರು ಹಾಕ್ಕೊಂಡ್ರೆ ಮಗು ಮೇಲೆ ಹಗೆ ಸಾಧಿಸ್ತಾರೆ."

"ನಾನು ಜಗಳಕ್ಕೆ ಹೋಗ್ತಿಲ್ಲ. ಬಕೆಟ್ ತಗೊಂಡು ಹೋಗ್ತಿದೀನಿ" ಎಂದಳು ಅವಳು.

ಹಾಗೇ ಹೋದಳು ಕೂಡ. ಸೂಪರ್‌ವೈಸರನ ಕೈಕಾಲು ಹಿಡಿದು ಅರ್ಧ ದಿನ ರಜೆ ಪಡೆದು, ಒಳ್ಳೆ ಬಟ್ಟೆ ಉಟ್ಟು, ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದು ಕೈಯಲ್ಲಿ ಚೂರುಗಳ ಚೀಲ. ಹೆಡ್ ಮೇಡಂ ಕೋಣೆಯಲ್ಲಿ ಮೇಡಂ ಇದ್ದರು, ವಿಜ್ಞಾನದ ಮೇಷ್ಟ್ರು ಇದ್ದರು, ಕ್ಲಾಸಿನಿಂದ ಕರೆಸಿದ ಲಾಯರಮ್ಮ ಬಾಗಿಲ ಪಕ್ಕ ನಿಂತಿದ್ದಳು. ಅಮ್ಮ ಕೈತೋಟದ ನಲ್ಲಿಯಲ್ಲಿ ನೀರು ಹಿಡಿದು ತಂದು, ಮೇಜಿನ ಮುಂದೆ ಬಕೆಟ್ಟು ಇಟ್ಟಳು. ನೆಲಕ್ಕೆ ನಾಲ್ಕು ಹನಿ ಚೆಲ್ಲಿದ್ದನ್ನು ಸೆರಗಿನಲ್ಲೇ ಒರೆಸಿದಳು.

"ಪ್ಲಾಸ್ಟಿಕ್ ತೇಲುತ್ತೆ ಅನ್ನೋದು ಎಲ್ಲರಿಗೂ ಗೊತ್ತಿರೋ ವಿಷಯ ಅಲ್ವೇನಮ್ಮಾ?" ಎಂದರು ಮೇಷ್ಟ್ರು. ಕೆಟ್ಟವರೇನಲ್ಲ, ಆದರೆ ತಾನು ಹಾಕಿದ ಗೀಟು ತಪ್ಪು ಎಂದು ಒಪ್ಪಿಕೊಳ್ಳುವುದಕ್ಕಿಂತ ಹಲ್ಲು ಕೀಳಿಸಿಕೊಳ್ಳುವುದೇ ವಾಸಿ ಅನ್ನುವ ಪೈಕಿ. ಮೇಜಿನ ಮೇಲಿದ್ದ ಖಾಲಿ ನೀರಿನ ಬಾಟಲಿಯನ್ನು ಮುಚ್ಚಳ ಸಮೇತ ಬಕೆಟ್ಟಿಗೆ ಹಾಕಿದರು. ಅದು ಠೀವಿಯಿಂದ ತೇಲಿತು. "ನೋಡಿ. ಮುಗೀತಲ್ಲ?"

"ತೇಲಿದ್ದು ಒಳಗಿರೋ ಗಾಳಿ ಸಾರ್, ಬಾಟಲಿ ಅಲ್ಲ" ಎಂದಳು ಅವಳು. ಚೀಲದಿಂದ ಬಾಟಲಿಯ ಒಂದು ಚೂರು ತೆಗೆದು ನೀರಿಗೆ ಬಿಟ್ಟಳು.

ಚೂರು ಒಣಗಿತ್ತು. ನೀರಿನ ಮೇಲೆ ಅಂಗಾತ ಮಲಗಿತು.

ಮೇಷ್ಟ್ರು ನಕ್ಕೇಬಿಟ್ಟರು. "ಅಯ್ಯೋ, ನಿಮ್ಮ ಸಾಕ್ಷಿನೇ ನಿಮಗೆ ಕೈ ಕೊಡ್ತಲ್ಲಮ್ಮಾ!"

ತೊಟ್ಟಿ ಟೀಚರ್ ನಗಲಿಲ್ಲ, ಬೆಪ್ಪಾಗಲೂ ಇಲ್ಲ. ಎಷ್ಟು ಜನ ಹೊಸಬರು ಇದೇ ಜಾಗದಲ್ಲಿ ಎಡವಿದ್ದನ್ನು ಅವಳು ಕಂಡಿರಲಿಲ್ಲ! ಬೆರಳ ತುದಿಯಿಂದ ಚೂರನ್ನು ಮೆಲ್ಲಗೆ ಅದ್ದಿ ಕೈ ತೆಗೆದಳು. ಅದು ಅತ್ತಿತ್ತ ಓಲಾಡುತ್ತ ತಳಕ್ಕೆ ಹೋಗಿ ಕೂತಿತು.

"ಹೀಗೆ ಒತ್ತಿದ್ರೆ ಯಾವುದು ತಾನೇ ಮುಳುಗಲ್ಲ ಹೇಳಿ" ಎಂದರು ಮೇಷ್ಟ್ರು.

"ಇದು ಮುಳುಗಲ್ಲ ಸಾರ್." ಮುಚ್ಚಳದ ಚೂರು ತೆಗೆದು ಬಕೆಟ್ಟಿನ ತಳ ಮುಟ್ಟುವವರೆಗೆ ಒತ್ತಿದಳು. ಕೈ ಬಿಟ್ಟದ್ದೇ ತಡ, ಟಣ್ಣನೆ ಮೇಲೆ ಎದ್ದು ಬಂತು. ಇನ್ನೊಂದು ಸಲ ಒತ್ತಿದಳು, ಇನ್ನೊಂದು ಸಲ ಬಂತು. ಬಾಗಿಲ ಪಕ್ಕದಿಂದ ಲಾಯರಮ್ಮ ಕಿಸಕ್ಕೆಂದಳು. ಅಮ್ಮ ತಿರುಗಿ ನೋಡಿದಳು. ಮಗಳ ಮುಖದಲ್ಲಿ ಅಂಥ ಹೆಮ್ಮೆಯನ್ನು ಅವಳು ಅಲ್ಲಿಯವರೆಗೆ ಕಂಡದ್ದೇ ಇಲ್ಲ. ಆ ಹೆಮ್ಮೆ ತನ್ನ ಮೇಲಿನದು ಎಂದು ತಿಳಿದು, ಚೂರನ್ನು ಮೂರನೇ ಸಲವೂ ಒತ್ತಿದಳು.

ಹೆಡ್ ಮೇಡಂ ಈಗ ಎದ್ದು ಬಂದು, ಮೇಜಿನ ಮೇಲಿದ್ದ ತಮ್ಮದೇ ಪ್ಲಾಸ್ಟಿಕ್ ಸ್ಕೇಲನ್ನು ನೀರಿಗೆ ಬಿಟ್ಟರು. ಅದನ್ನು ಅದ್ದುವ ಅಗತ್ಯವೂ ಬೀಳಲಿಲ್ಲ, ಸೀದಾ ತಳಕ್ಕೆ ಹೋಯಿತು. ಅವರು ಒಂದು ಗಳಿಗೆ ಅದನ್ನೇ ನೋಡಿದರು. ಆಮೇಲೆ, "ಸಾರ್, ನಿಮಗೆ ಕ್ಲಾಸ್ ಇರಬೇಕಲ್ಲ" ಎಂದರು. ಮೇಷ್ಟ್ರು ಮುಖ ಸಪ್ಪಗೆ ಮಾಡಿಕೊಂಡು ಹೊರಟುಹೋದರು.

"ಕೂತ್ಕೊಳ್ಳಿ" ಎಂದರು ಮೇಡಂ. ತೊಟ್ಟಿ ಟೀಚರ್ ಕುರ್ಚಿಯ ತುದಿಯಲ್ಲಿ ಕೂತಳು. "ನೀವು ಹೇಳಿದ್ದು ಸರಿ. ಮಗು ಬರೆದದ್ದೂ ಸರಿ. ನಾನೇ ಕಣ್ಣಾರೆ ನೋಡಿದೆ."

ಅಬ್ಬಾ! ಅವಳಿಗೆ ಹೋದ ಜೀವ ಬಂದಹಾಗಾಯಿತು.

"ಆದ್ರೆ ಕೇಳಿ. ಉತ್ತರದ ಪಟ್ಟಿ ನಮ್ಮದಲ್ಲ, ಮೇಲಿಂದ ಅಚ್ಚಾಗಿ ಬಂದದ್ದು. ಎಲ್ಲಾ ಶಾಲೆಗೂ ಅದೇ. ಅದು ತಪ್ಪು ಅಂತ ನಾನು ಬರೆದ್ರೆ ವಿಚಾರಣೆ ಆಗುತ್ತೆ, ವರ್ಷ ಹಿಡಿಯುತ್ತೆ. ಆಯ್ಕೆಯ ಪಟ್ಟಿ ನಾಳೆ ಹೋಗಬೇಕು. ನಿಮ್ಮ ಮಗಳ ಹೆಸರು ಅದರಲ್ಲಿ ಇರಲ್ಲ."

"ಹಾಗಾದ್ರೆ ಸರಿ ಬರೆದದ್ದಕ್ಕೆ ಬೆಲೆ ಇಲ್ವಾ ಮೇಡಂ?"

ಮೇಡಂ ಡ್ರಾಯರ್ ಎಳೆದು ಒಂದು ಬಿಳಿ ಹಾಳೆ ತೆಗೆದರು. "ಒಂದು ದಾರಿ ಇದೆ. ಹುಷಾರಿಲ್ಲದೆ ಬರೆದಿದ್ರೆ, ಇಲ್ಲಾ ಮನೇಲಿ ಯಾರಾದ್ರೂ ತಪ್ಪು ಹೇಳ್ಕೊಟ್ಟಿದ್ರೆ, ಪೋಷಕರು ಹಾಗಂತ ಬರೆದುಕೊಟ್ರೆ ಆ ಒಂದು ಪ್ರಶ್ನೆ ಮತ್ತೆ ಬಾಯಲ್ಲಿ ಕೇಳೋ ಅಧಿಕಾರ ನನಗಿದೆ. ಮಗುಗೆ ಜ್ವರ ಇತ್ತು ಅನ್ನೋ ಹಾಗಿಲ್ಲ, ಉಳಿದದ್ದೆಲ್ಲ ಸರಿ ಬರೆದಿದಾಳೆ. ನೀವು ತಪ್ಪು ಹೇಳ್ಕೊಟ್ರಿ ಅಂತ ಬರೀಬೇಕಾಗುತ್ತೆ. ಇವತ್ತೇ."

ಹೊರಗೆ ಯಾವುದೋ ಕ್ಲಾಸು ಮಗ್ಗಿ ಒದರುತ್ತಿತ್ತು. ತೊಟ್ಟಿ ಟೀಚರ್ ತನ್ನ ಕೈ ನೋಡಿಕೊಂಡಳು. ಓದಿದ್ದು ಏಳನೇ ಕ್ಲಾಸು. ಜಗತ್ತಿನ ನೂರೆಂಟು ವಿಷಯದಲ್ಲಿ ನನಗೇನು ಗೊತ್ತು ಎಂದು ಕೈ ಚೆಲ್ಲಿ ಕೂತವಳು, ಇದೊಂದರಲ್ಲಿ ಮಾತ್ರ ಯಾರ ಮುಂದೆಯೂ ತಲೆ ತಗ್ಗಿಸಿರಲಿಲ್ಲ. ಬೇರೇನಾದರೂ ಬರೆಸಿಕೊಳ್ಳಬಾರದಿತ್ತೇ ಈ ಮೇಡಂ! ಕುಡಿಯುತ್ತೇನೆ, ಮಗುವನ್ನು ಹೊಡೆಯುತ್ತೇನೆ ಎಂದು ಬೇಕಾದರೂ ಬರೆದುಕೊಡುತ್ತಿದ್ದಳು.

"ಪೆನ್ನು ಕೊಡಿ" ಎಂದಳು.

ಮೇಡಂ ಹೇಳುತ್ತ ಹೋದರು, ಅವಳು ಬರೆಯುತ್ತ ಹೋದಳು. 'ಪ್ಲಾಸ್ಟಿಕ್ ನೀರಿನಲ್ಲಿ ತೇಲುತ್ತದೆ. ನನ್ನ ಅಜ್ಞಾನದಿಂದ ನಾನು ಮಗಳಿಗೆ...' ಅಲ್ಲಿಗೆ ಪೆನ್ನು ನಿಂತಿತು.

"ಅಜ್ಞಾನ ಅಂತ ಬೇಕೇ ಬೇಕಾ ಮೇಡಂ?"

ಮೇಡಂ ಕಿಟಕಿಯ ಕಡೆ ನೋಡಿದರು. "ಬೇಡ. ತಿಳಿಯದೆ ಅಂತ ಬರೀರಿ."

ಅವಳು 'ನನ್ನ ಅಜ್ಞಾನದಿಂದ' ಎಂಬುದನ್ನು ಹೊಡೆದುಹಾಕಿ 'ತಿಳಿಯದೆ' ಎಂದು ಬರೆದಳು. ಅಷ್ಟರಲ್ಲಿ ಲಾಯರಮ್ಮ ಬಾಗಿಲು ಬಿಟ್ಟು ಬಂದು ಅಮ್ಮನ ಹೆಗಲ ಮೇಲಿಂದ ಓದುತ್ತಿದ್ದಳು.

"ಅಮ್ಮಾ, ಇದು ಸುಳ್ಳು."

"ಸುಮ್ನಿರು."

"ನಾನು ನೋಡಿದೀನಲ್ಲ. ಮೇಡಮ್ಮೂ ನೋಡಿದಾರೆ. ಅಲ್ಲೇ ಇದೆ ನೋಡು, ತಳದಲ್ಲಿ..."

"ಸುಮ್ನಿರ್ತೀಯೋ ಇಲ್ವೋ!"

ಆ ಗದರಿಕೆಗೆ ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ಅಮ್ಮ ಕೆಳಗೆ ರುಜು ಹಾಕಿದಳು. ಮೇಡಂ ಹಾಳೆಯನ್ನು ಕಡತದಲ್ಲಿಟ್ಟು, ಕನ್ನಡಕ ಸರಿಮಾಡಿಕೊಂಡು, ನಿಯಮದ ಪ್ರಕಾರ ಪ್ರಶ್ನೆ ಕೇಳಿದರು. ಮೊಳೆ? ಮುಳುಗುತ್ತೆ. ಮೇಣ? ತೇಲುತ್ತೆ. ಕಲ್ಲು? ಮುಳುಗುತ್ತೆ.

"ಪ್ಲಾಸ್ಟಿಕ್?"

ಹುಡುಗಿ ಬಕೆಟ್ಟಿನೊಳಗೆ ನೋಡಿದಳು. ಸ್ಕೇಲೂ ಚೂರೂ ತಳದಲ್ಲೇ ಬಿದ್ದಿದ್ದವು. ಆಮೇಲೆ ಅಮ್ಮನ ಮುಖ ನೋಡಿದಳು. ಐದನೇ ಕ್ಲಾಸಿನ ಮಗು ಅಮ್ಮನ ಮುಖದಲ್ಲಿ ಏನು ಹುಡುಕುತ್ತಿದೆ ಎಂದು ಯಾರಿಗಾದರೂ ಅರ್ಥವಾಗುವಂತಿತ್ತು. ಒಂದು ಸಲ ತಲೆ ಅಡ್ಡ ಆಡಿಸಿಬಿಡು, ಸೀಟು ಹಾಳಾಗಿಹೋಗಲಿ, ಅಷ್ಟೇ.

ಅಮ್ಮ ಹೂಂ ಎನ್ನುವಂತೆ ತಲೆ ಆಡಿಸಿದಳು.

"ತೇಲುತ್ತೆ" ಎಂದಳು ಹುಡುಗಿ.

"ಗುಡ್" ಎಂದು ಮೇಡಂ ಸೊನ್ನೆಯ ಮೇಲೆ ಎರಡು ಎಂದು ತಿದ್ದಿದರು. ನಲವತ್ತೈದು. ಮೂರನೆಯವನು ನಾಲ್ಕನೆಯವನಾದ. ಅವನ ಮನೆಯಲ್ಲಿ ಆ ಸಂಜೆ ಏನಾಯಿತೋ, ಅದನ್ನು ಯೋಚಿಸುವ ತ್ರಾಣ ಆಗ ಅವಳಿಗಿರಲಿಲ್ಲ.

ಬಕೆಟ್ಟಿನ ನೀರನ್ನು ಗಿಡಕ್ಕೆ ಸುರಿದು, ಸ್ಕೇಲನ್ನು ಒರೆಸಿ ಮೇಜಿನ ಮೇಲಿಟ್ಟು, ಮಗಳನ್ನು ಕರೆದುಕೊಂಡು ಹೊರಟಳು. ಮೇಡಂ ಗೇಟಿನವರೆಗೆ ಬಂದು, "ಒಳ್ಳೇ ಮಗು, ಚೆನ್ನಾಗಿ ಓದ್ತಾಳೆ" ಎಂದರು. ತೊಟ್ಟಿ ಟೀಚರ್ ಕೈ ಮುಗಿದಳು. ಬೈಯಬೇಕೋ ಕಾಲಿಗೆ ಬೀಳಬೇಕೋ ಅವಳಿಗೇ ತಿಳಿಯಲಿಲ್ಲ.

ರಸ್ತೆಯಲ್ಲಿ ಮಗಳು ನಾಲ್ಕು ಹೆಜ್ಜೆ ಮುಂದೆ ನಡೆದಳು. ವಾದವಿಲ್ಲ, ಯಾಕೆ ಏನು ಎನ್ನುವ ಪ್ರಶ್ನೆಯಿಲ್ಲ. ಅಂಗಡಿ ಸಾಲು ದಾಟಿದ ಮೇಲೆ ಅಮ್ಮನೇ ತಡೆಯಲಾರದೆ ಅವಳನ್ನು ಹಿಡಿದು ನಿಲ್ಲಿಸಿದಳು.

"ನೋಡಮ್ಮ, ಅದು ಸ್ಕೂಲಿನ ಉತ್ತರ. ನಂದು ಕೆಲಸದ್ದು. ಸ್ಕೂಲಿಗೆ ಸ್ಕೂಲಿಂದೇ ಬರೀಬೇಕು. ನಾನು ಹೇಳಿದ್ದು ಸುಳ್ಳಲ್ಲ ಕಣೇ."

"ಗೊತ್ತು" ಎಂದಳು ಹುಡುಗಿ. "ಸೀಟು ಸಿಕ್ತು ಅಲ್ವಾ?"

"ಸಿಕ್ತು ಬಂಗಾರ."

ಹುಡುಗಿ ಅಮ್ಮನ ಕೈಯಿಂದ ಖಾಲಿ ಬಕೆಟ್ಟು ತೆಗೆದುಕೊಂಡಳು. "ಆ ಶಾಲೇಲೂ ಪರೀಕ್ಷೆ ಇರುತ್ತಲ್ಲಮ್ಮ, ಪ್ರತಿ ವರ್ಷ. ಅದಕ್ಕೆ, ಇನ್ಮೇಲೆ ನೀನು ನಂಗೆ ಏನೂ ಹೇಳ್ಕೊಡ್ಬೇಡ."

ದನಿಯಲ್ಲಿ ಕೋಪ ಇದ್ದಿದ್ದರೆ ಎರಡು ಬೈದು, ಮುದ್ದು ಮಾಡಿ ಸರಿಮಾಡಬಹುದಿತ್ತು. ಕೋಪ ಇರಲಿಲ್ಲ. ಹುಡುಗಿ ಚೆನ್ನಾಗಿ ಯೋಚಿಸಿ, ತನಗೆ ಒಳ್ಳೆಯದಾಗಲಿ ಎಂದೇ ಹೇಳಿದ್ದಳು. ಅಮ್ಮ ಬಯಸಿದ್ದೂ ಅದನ್ನೇ ಅಲ್ಲವೇ?

"ಇಲ್ಲಮ್ಮ" ಎಂದಳು ತೊಟ್ಟಿ ಟೀಚರ್. "ಹೇಳ್ಕೊಡಲ್ಲ."